ಇದು ಮೀನು ಮಾರ್ಕೆಟ್ ಅಲ್ಲ

ದೇವರ ವಿಷಯ ಮಾತಾಡಲು ಮೊಬೈಲಿನಲ್ಲಿ ನಾಲ್ಕು ಜನ ಸೇರಿದರೆ ಸಾಕು, ಐದನೆಯ ಮಾತಿಗೆ ದೇವರು ಎದ್ದು ಹೋಗಿ, ಆ ಜಾಗದಲ್ಲಿ ಒಬ್ಬರ ಅಪ್ಪನೂ ಇನ್ನೊಬ್ಬರ ಉದ್ಯೋಗವೂ ಬಂದು ಕೂತಿರುತ್ತವೆ. ಕುಂದಾಪುರದ ನಮ್ಮ ಸತ್ಸಂಗದ ವಾಟ್ಸಾಪ್ ಗ್ರೂಪಿನಲ್ಲಿ ಇದು ವಾರಕ್ಕೆರಡು ಸಲ ಆಗುತ್ತಲೇ ಇರುತ್ತದೆ. ಅದಕ್ಕೆ ನಾನೇ ಅಡ್ಮಿನ್. ವೇದಾಂತ ಗೊತ್ತಿದೆಯೆಂದಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟ್ರಾಗಿದ್ದೆ. "ಜಗಳ ಬಿಡ್ಸುಕೆ ವಿಶಲ್ ಊದಿ ಅಭ್ಯಾಸ ಇಪ್ಪವ್ರೇ ಬೇಕ್" ಎಂದು ಎಲ್ಲರೂ ಸೇರಿ ನನ್ನ ತಲೆಗೆ ಕಟ್ಟಿದರು. ವಾಟ್ಸಾಪಿನಲ್ಲಿ ವಿಶಲ್ ಕೇಳಿಸುವುದಿಲ್ಲ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ, ನನಗೂ ಕೂಡ.

ಸೌಟು ಹಿಡಿದವರು

ಅಮಾಸೆಬೈಲಿನ ಸದಸ್ಯರೊಬ್ಬರು ಒಂದು ದಿನ ಸಣ್ಣ ಪ್ರಶ್ನೆ ಹಾಕಿದರು: ಏಕಾದಶಿಗೆ ಅವಲಕ್ಕಿ ತಿನ್ನಬಹುದೇ? ಗ್ರೂಪಿನಲ್ಲಿರುವ ಕೋಟದ ಅಡುಗೆ ಭಟ್ರು "ತಿನ್ಲಕ್ಕ್, ನಮ್ಮ ಬದಿಯಂಗೆ ಎಲ್ಲರೂ ತಿಂಬುದೇ" ಎಂದು ಬರೆದರು. ವಿಷಯ ಅಲ್ಲಿಗೇ ಮುಗಿಯಬೇಕಿತ್ತು.

ಆದರೆ ನಮ್ಮಲ್ಲೊಬ್ಬರು ಸಾಹೇಬರಿದ್ದಾರೆ. ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಕುರ್ಚಿ ಅವರನ್ನು ಬಿಟ್ಟಿದೆ, ಅವರು ಕುರ್ಚಿಯನ್ನು ಇನ್ನೂ ಬಿಟ್ಟಿಲ್ಲ. "ಅವಲಕ್ಕಿ ಆಗುವುದು ಅಕ್ಕಿಯಿಂದಲೇ. ಸೌಟು ಹಿಡಿಯುವವರು ಸೌಟು ಹಿಡಿದುಕೊಂಡೇ ಇದ್ದರೆ ಶಾಸ್ತ್ರಕ್ಕೂ ಕ್ಷೇಮ, ಊರಿಗೂ ಕ್ಷೇಮ" ಎಂದು ಬರೆದುಬಿಟ್ಟರು. ಭಟ್ರು ಒಂದು ನಗುಮುಖ ಮಾತ್ರ ಹಾಕಿದರು. ಪುಣ್ಯಾತ್ಮ, ಎಷ್ಟು ತಾಳ್ಮೆ ಎಂದುಕೊಂಡೆ.

ಮುಂದಿನ ವಾರ ಸಾಲಿಗ್ರಾಮದಲ್ಲಿ ಒಂದು ಗೃಹಪ್ರವೇಶ. ಸಾಹೇಬರೂ ನಾನೂ ಊಟಕ್ಕೆ ಒಂದೇ ಸಾಲಿನಲ್ಲಿ ಕೂತಿದ್ದೆವು. ಅಡುಗೆ ಅದೇ ಭಟ್ರದ್ದು. ಕಡಲೆಬೇಳೆ ಪಾಯಸವನ್ನು ಅವರೇ ತಂದರು. ನನ್ನ ಎಲೆಗೆ ಧಾರಾಳವಾಗಿ ಬಡಿಸಿ, ಸಾಹೇಬರ ಎಲೆಯ ಮುಂದೆ ಸೌಟು ಎತ್ತಿ ಹಿಡಿದು ನಿಂತರು.

"ಸಾಹೇಬ್ರೆ, ಸೌಟ್ ಹಿಡ್ದವ ಬಂದ. ನಿಮ್ಗೆ ಹಾಕ್ಲಕ್ಕಾ, ಶಾಸ್ತ್ರದಂಗೆ ಎಂತಾರೂ ಅಡ್ಡಿ ಇತ್ತಾ?"

ಸಾಹೇಬರಿಗೆ ಬಾಯಲ್ಲಿ ನೀರು, ಮುಖದಲ್ಲಿ ಬೆವರು. ಅವರು ಹೂಂ ಅನ್ನುವುದರೊಳಗೆ ಭಟ್ರು, "ಅವಸ್ರ ಇಲ್ಲೆ, ನಿಧಾನಕ್ಕೆ ಶಾಸ್ತ್ರ ಕಂಡ್ ಹೇಳಿ. ನಾ ಆಚಿ ಸಾಲ್ ಮುಗ್ಸಿ ಬತ್ತೆ" ಎಂದು ಹೊರಟೇಹೋದರು. ಆಚೆ ಸಾಲು ಮುಗಿಯುವಾಗ ಪಾಯಸವೂ ಮುಗಿದಿತ್ತು.

ಮಾನ್ಯರೇ, ವಂದನೆಗಳು

ಇದು ಹೀಗೇ ಬಿಟ್ಟರೆ ಆಗದು ಎಂದು ನಾನೊಂದು ನಿಯಮ ತಂದೆ. ಯಾರೂ ಯಾರನ್ನೂ ಏಕವಚನದಲ್ಲಿ ಕರೆಯಬಾರದು. ಮಾತು "ಮಾನ್ಯರೇ" ಎಂದು ಶುರುವಾಗಬೇಕು, "ವಂದನೆಗಳು" ಎಂದು ಮುಗಿಯಬೇಕು.

ದೇವರ ಪಟಕ್ಕೆ ಪ್ಲಾಸ್ಟಿಕ್ ಹಾರ ಹಾಕಬಹುದೇ ಎಂಬ ಚರ್ಚೆ ಬಂತು. ಸಿದ್ದಾಪುರದ ಕಡೆ ರಬ್ಬರ್ ತೋಟದಲ್ಲಿ ದುಡಿಯುವವರೊಬ್ಬರು ಹಾಕಬಹುದು ಎಂದರು. ಬೈಂದೂರಿನ ಇಂಜಿನಿಯರೊಬ್ಬರು ಬರೆದರು: "ಮಾನ್ಯರೇ, ರಬ್ಬರ್ ಹಾಲು ತೆಗೆಯುವ ತಮಗೆ ದೇವರ ಹೂವಿನ ಚಿಂತೆ ಯಾಕೆ? ವಂದನೆಗಳು."

ಎರಡೇ ನಿಮಿಷಕ್ಕೆ ಉತ್ತರ ಬಂತು: "ಮಾನ್ಯರೇ, ತಾವು ಶುದ್ಧ ಕತ್ತೆಯಾಗಿದ್ದೀರಿ. ತಮ್ಮ ತೀರ್ಥರೂಪರೂ ಹಾಗೆಯೇ ಇದ್ದರೆಂದು ಹಿರಿಯರಿಂದ ಕೇಳಿದ್ದೇನೆ. ವಂದನೆಗಳು."

ನಾನು ಸಿದ್ದಾಪುರಕ್ಕೆ ಫೋನ್ ಮಾಡಿ ಜೋರು ಮಾಡಿದೆ. ಆ ಮನುಷ್ಯನಿಗೆ ನಿಜವಾಗಿಯೂ ಬೇಸರವಾಯಿತು. "ನಾ ಎಂತ ತಪ್ಪ್ ಮಾಡ್ದೆ ಮಾಸ್ಟ್ರೆ? ಮಾನ್ಯರೇ ಬಿಟ್ಟಿದ್ನಾ, ವಂದನೆ ಬಿಟ್ಟಿದ್ನಾ?" ಎಂದು ಕೇಳಿದರು.

ಎರಡನ್ನೂ ಬಿಟ್ಟಿರಲಿಲ್ಲ. ನಾನೇ ಫೋನ್ ಇಟ್ಟೆ.

ದೀಪದ ಚಿತ್ರದವರು

ಈ ಗದ್ದಲದ ನಡುವೆ ಒಬ್ಬರು ಮಾತ್ರ ಬೇರೆಯಾಗಿದ್ದರು. ಹೆಸರಿನ ಜಾಗದಲ್ಲಿ ಕೈಮುಗಿದ ಗುರುತು, ಫೋಟೊದ ಜಾಗದಲ್ಲಿ ಒಂದು ದೀಪ. ಯಾರೋ ಕಳಿಸಿದ ಲಿಂಕ್ ಒತ್ತಿ ಒಳಗೆ ಬಂದವರು. ಹೆಂಗಸು ಎಂಬುದು ಮಾತಿನಿಂದ ಗೊತ್ತಾಗಿತ್ತು, ಅದಕ್ಕಿಂತ ಹೆಚ್ಚು ಯಾರಿಗೂ ತಿಳಿಯದು. ವಾರಕ್ಕೊಮ್ಮೆ ಎರಡು ಸಾಲು ಬರೆಯುವರು. ಆಮೇಲೆ ಅರ್ಧ ದಿನ ಗ್ರೂಪು ತಣ್ಣಗಿರುತ್ತಿತ್ತು.

ಶಬರಿ ರಾಮನಿಗೆ ಎಂಜಲು ಹಣ್ಣು ಕೊಟ್ಟದ್ದು ಸರಿಯೇ ಎಂದು ಸಾಹೇಬರು ಒಮ್ಮೆ ತಗಾದೆ ತೆಗೆದಾಗ ಇವರು ಬರೆದರು: "ಕೊಡುವ ಪದಾರ್ಥ ಕೆಟ್ಟಿದೆಯೋ ಇಲ್ಲವೋ ಎಂದು ಮೊದಲು ನೋಡುವುದು ಕೊಡುವವರ ಧರ್ಮ. ತಿಂದವನಿಗೆ ಹೊಟ್ಟೆ ಕೆಟ್ಟ ಮೇಲೆ ಮಡಿ ಕಟ್ಟಿಕೊಂಡು ಏನು ಮಾಡುವುದು?"

ಸಾಹೇಬರು ಕರಗಿಹೋದರು. "ವಿದುಷಿ ತಾಯಿ, ತಾವು ಯಾವ ಕಾಲೇಜಿನಲ್ಲಿ ಇದ್ದಿರಿ?"

"ಕಾಲೇಜು ಇಲ್ಲ. ದಿನಾ ಬೆಳಿಗ್ಗೆ ಹತ್ತಿಪ್ಪತ್ತು ಜನರ ಎದುರು ಕೂತು ಮಾತಾಡುವುದು, ಅಷ್ಟೆ."

"ಪ್ರವಚನಕಾರರು!" ಎಂದು ಸಾಹೇಬರು ನನಗೆ ಫೋನ್ ಮಾಡಿ ಹೇಳಿದರು. "ಕಂಡ್ರ್ಯಾ, ಸಂಸ್ಕಾರ ಅಂದ್ರೆ ಅದ್. ಅಂಥವ್ರಿಗೊಂದ್ ಶಾಲ್ ಹಾಕ್ಬೇಕ್ ಮಾಸ್ಟ್ರೆ."

ನಾನು ಹಾಕಿದ ಬೋರ್ಡು

ದೇವಸ್ಥಾನಕ್ಕೆ ಪ್ಯಾಂಟ್ ಹಾಕಿಕೊಂಡು ಹೋಗಬಹುದೇ ಎಂಬ ಜಗಳ ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನದ ಗಂಜಿ ಊಟದ ಹೊತ್ತಾದರೂ ಮುಗಿಯಲಿಲ್ಲ. ಪಂಚೆಗೆ ಇಸ್ತ್ರಿ ಹಾಕಲು ಆಳಿರುವವರು ಯಾರು, ಕೂಲಿ ಬಿಟ್ಟು ಓಡಿಬರುವವರು ಯಾರು ಎಂದು ಮನೆಮನೆಯ ಬಟ್ಟೆ ಹೊರಗೆ ಬಂತು. ನನಗೆ ತಲೆ ಕೆಟ್ಟಿತು. ದಪ್ಪ ಅಕ್ಷರದಲ್ಲಿ ಬರೆದೆ: "ಇದು ಸತ್ಸಂಗ. ಮೀನು ಮಾರ್ಕೆಟ್ ಅಲ್ಲ!" ಅದನ್ನೇ ಗ್ರೂಪಿನ ನೆತ್ತಿಯ ಮೇಲೆ ಬೋರ್ಡಿನ ಹಾಗೆ ಅಂಟಿಸಿಯೂ ಬಿಟ್ಟೆ. ಅಷ್ಟು ಹೊತ್ತು ಕಚ್ಚಾಡುತ್ತಿದ್ದವರೆಲ್ಲ ಒಟ್ಟಾಗಿ ಕೈಮುಗಿದರು. ನನಗೆ ಭಾರೀ ಹೆಮ್ಮೆಯಾಯಿತು.

ಸಂಜೆ ನೋಡಿದರೆ ದೀಪದ ಚಿತ್ರದವರು ಗ್ರೂಪು ಬಿಟ್ಟಿದ್ದರು.

"ನಮ್ಮ ಗಲಾಟೆ ಆ ತಾಯಿಗೆ ತಡಿಲಿಲ್ಲೆ. ಸೂಕ್ಷ್ಮ ಮನಸ್ಸ್" ಎಂದು ಸಾಹೇಬರು ಮರುಗಿದರು. ನನಗೂ ಕಸಿವಿಸಿ. ಇದ್ದದ್ದು ಒಂದೇ ಒಂದು ಒಳ್ಳೆಯ ಮಾತು, ಅದೂ ಹೋದರೆ ಉಳಿಯುವುದು ಬರೀ ಮಾನ್ಯರು. ಆ ನಂಬರಿಗೆ ಫೋನ್ ಮಾಡಿದೆ.

"ಹ್ವಾಯ್ ಮಾಸ್ಟ್ರೆ, ಎಂತ?"

ಆ ದನಿ ಗುರುತು ಸಿಗದಿರಲು ಸಾಧ್ಯವೇ ಇಲ್ಲ. ಹನ್ನೆರಡು ವರ್ಷದಿಂದ ಬೆಳಿಗ್ಗೆ ಬೆಳಿಗ್ಗೆ ನನಗೆ ಬಂಗುಡೆ ಕೊಡುವ, ಮೀನು ಮಾರ್ಕೆಟಿನ ನಮ್ಮ ಅಕ್ಕ!

"ನೀವಾ?" ಎಂದೆ. "ಎಂತಕ್ಕೆ ಗ್ರೂಪ್ ಬಿಟ್ರಿ ಅಕ್ಕ?"

"ಮೀನ್ ಮಾರ್ಕೆಟ್ ಬ್ಯಾಡ ಅಂದ್ ನೀವೇ ಬೋರ್ಡ್ ಹಾಕಿದ್ರಿ ಅಲ್ದಾ. ಹಂಗಾಯಿ ಮೀನ್ ಮಾರ್ಕೆಟ್ ಎದ್ದ್ ಹೋಯ್ತ್."

ನಾಚಿಕೆಯಿಂದ ಕಿವಿ ಬಿಸಿಯಾಯಿತು. ನಲವತ್ತು ವರ್ಷ ಯಕ್ಷಗಾನದ ಆಟ, ತಾಳಮದ್ದಳೆ, ಹರಿಕಥೆ ಯಾವುದನ್ನೂ ಬಿಡದೆ ಕೇಳಿದ ಹೆಂಗಸು ಎಂದು ಮಾತಿನಲ್ಲಿ ತಿಳಿಯಿತು. ಅವರ ಬಾಯಿಂದ ನಾನು ಇಷ್ಟು ವರ್ಷ ಬಂಗುಡೆಯ ರೇಟು ಬಿಟ್ಟು ಬೇರೇನೂ ಕೇಳಿರಲಿಲ್ಲ. ಮನೆಯಾಕೆಗೆ ಹೇಳಿದೆ. "ನಾಳೆಯೇ ಹೋಯಿ ತಪ್ಪಾಯ್ತ್ ಅನ್ನಿ. ಅಲ್ಲಿತನ್ಕ ಈ ಮನೆಯಂಗೆ ಮೀನಿಲ್ಲೆ, ಸೌತಿಕಾಯಿ ಹುಳಿಯೇ" ಎಂದಳು.

ವಿದುಷಿಯ ಸನ್ಮಾನ

ಮರುದಿನ ಬೆಳಿಗ್ಗೆ ಸಾಹೇಬರನ್ನೂ ಕರೆದೆ. "ವಿದುಷಿಯರನ್ನು ಕಂಡು ಬರುವ" ಎಂದೆನೇ ಹೊರತು ಬೇರೇನೂ ಹೇಳಲಿಲ್ಲ. ಅಷ್ಟು ತುಂಟತನ ನನ್ನಲ್ಲಿ ಇನ್ನೂ ಉಳಿದಿದೆ. ಅವರು ಗರಿಗರಿ ಪಂಚೆ ಉಟ್ಟು, ತಟ್ಟೆಯಲ್ಲಿ ಹಣ್ಣುಕಾಯಿ, ಶಾಲು ಹಿಡಿದು ಬಂದರು. ನಾನು ಮಾರ್ಕೆಟಿನೊಳಗೆ ಕಾಲಿಟ್ಟದ್ದೇ, "ಮಾಸ್ಟ್ರೆ, ಮೀನ್ ಕಡಿಗ್ ತಕಂಬ, ಮೊದ್ಲ್ ಅವ್ರ ಮನಿಗೆ ಹೋಪ" ಎಂದು ತೋಳು ಎಳೆದರು.

ನಾನು ಅಕ್ಕನ ಬುಟ್ಟಿಯ ಮುಂದೆ ನಿಂತು ಕೈಮುಗಿದೆ. "ಅಕ್ಕ, ನಂದ್ ತಪ್ಪಾಯ್ತ್. ಗ್ರೂಪಿಗೆ ಹಿಂದೆ ಬನ್ನಿ."

ಸಾಹೇಬರು ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು. "ನೀನಾ?" ಎಂದರು. ತಟ್ಟೆ ನೆಟ್ಟಗೆ ಮಾಡಿ, "ತಾವಾ?" ಎಂದರು. ಹಿಂದಿನ ದಿನವಷ್ಟೇ ಅದೇ ಜಾಗದಲ್ಲಿ "ಏಯ್, ಬಂಗ್ಡಿ ಹ್ಯಾಂಗೆ?" ಎಂದು ಗದರಿದ ಬಾಯಿ ಅದು.

"ಶಾಲ್ ಆಮೇಲ್ ಆಯ್ಲಿ ಸಾಹೇಬ್ರೆ, ಕೈ ಒದ್ದಿ ಇತ್ತ್" ಎಂದರು ಅಕ್ಕ. ಆಮೇಲೆ ನನ್ನ ಕಡೆ ತಿರುಗಿದರು. "ಮಾಸ್ಟ್ರೆ, ಇಲ್ಲ್ ನಾವ್ ನಲ್ವತ್ತ್ ಜನ ಕೂಕಂತ್. ಒಬ್ಬಳ ಬುಟ್ಟಿ ಎದ್ರ್ ಗಿರಾಕಿ ಕೂತಿಪ್ಪಾಗ ಇನ್ನೊಬ್ಬಳ್ ಆ ಗಿರಾಕಿನ್ ಕರಿಯುಕಾಗ. ಎಷ್ಟೇ ಬೈಕಂಡ್ರೂ ಮಧ್ಯಾಹ್ನ ಒಂದೇ ಎಲೆಅಡ್ಕಿ ಚೀಲಕ್ಕೆ ಕೈ ಹಾಕುದ್. ನಿಮ್ಮ ಗ್ರೂಪಂಗೆ ಅಂಥದ್ದ್ ಎಂತಾರೂ ಇತ್ತಾ?"

ಇರಲಿಲ್ಲ. ಅವರೆದುರೇ ಮೊಬೈಲ್ ತೆಗೆದು ಆ ಬೋರ್ಡು ಅಳಿಸಿದೆ.

ಅಷ್ಟರಲ್ಲಿ ಪಕ್ಕದ ಬುಟ್ಟಿಯವರು ಸಾಹೇಬರ ಕಡೆ ಬೆರಳು ಮಾಡಿ, "ಸೌಟಿನ್ ವಿಷ್ಯ ಬರದ್ದ್ ಇವ್ರೇ ಅಲ್ದಾ?" ಎಂದು ಕೇಳಿದರು. ನಾನು ಗಾಬರಿಯಾಗಿ ಅಕ್ಕನನ್ನು ನೋಡಿದೆ.

"ಬೋಟ್ ಬಪ್ಪತನ್ಕ ಹೊತ್ತ್ ಹೋಯ್ಕಲ್ದಾ ಮಾಸ್ಟ್ರೆ? ದಿನಾ ನಾನೇ ಎಲ್ಲರಿಗೂ ಓದಿ ಹೇಳುದ್" ಎಂದರು ಅಕ್ಕ.

ಅಂದರೆ ನಮ್ಮ ಕತ್ತೆ, ಸೌಟು, ತೀರ್ಥರೂಪರು ಎಲ್ಲವೂ ಇಡೀ ಮಾರ್ಕೆಟಿಗೆ ಬಾಯಿಪಾಠ. ಭೂಮಿ ಬಾಯಿ ಬಿಡಬಾರದೇ ಎಂದು ನಾನು ನೆಲ ನೋಡುತ್ತಿರುವಾಗಲೇ ಆ ತುದಿಯಲ್ಲಿ ಇಬ್ಬರು ಹೆಂಗಸರಿಗೆ ಹತ್ತಿಕೊಂಡಿತು. ಒಬ್ಬಳು ಇನ್ನೊಬ್ಬಳ ಗಿರಾಕಿಯನ್ನು ಕರೆದಳಂತೆ. ನಿನ್ನ ಅಪ್ಪ ಯಾರು, ನಿನ್ನ ಗಂಡ ಯಾರು ಎಂಬಲ್ಲಿಗೆ ಮಾತು ಏರಿತು. ಮೂವತ್ತು ವರ್ಷದ ಅಭ್ಯಾಸ, ನನ್ನ ಕೈ ತಾನಾಗಿ ಜೇಬಿನ ವಿಶಲ್ ಹುಡುಕಿತು.

ಅದರ ಅಗತ್ಯ ಬೀಳಲಿಲ್ಲ. ಮೂಲೆಯಲ್ಲಿ ಕೂತಿದ್ದ ಹಿರಿಯ ಅಜ್ಜಿಯೊಬ್ಬರು ಬುಟ್ಟಿಗೆ ಪಟಾರನೆ ಬಡಿದು ಕೂಗಿದರು.

"ಹ್ವಾಯ್! ಒಂಚೂರ್ ಮರ್ಯಾದಿ ಇರ್ಲಿ! ಇದೆಂತ ಸತ್ಸಂಗದ್ ಗ್ರೂಪ್ ಅಂದ್ಕಂಡ್ರ್ಯಾ?"

ಇಬ್ಬರೂ ಗಪ್ಪನೆ ಬಾಯಿ ಮುಚ್ಚಿದರು. ಒಬ್ಬಳು ಸೆರಗಿನಿಂದ ಮುಖ ಒರೆಸಿಕೊಂಡು ಮೆತ್ತಗೆ ಹೇಳಿದಳು: "ಛೆ ಛೆ, ಅಷ್ಟೊಂದ್ ಮರ್ಯಾದಿ ಬಿಟ್ಟವ್ರಲ್ಲ ಅಜ್ಜಿ ನಾವ್."