ಅತ್ತೆಯ ವಿಮಾನ ಇನ್ನೂ ಆಕಾಶದಲ್ಲಿದೆ

ನಮ್ಮ ಡಿಸ್ಕವರಿ ಗಾರ್ಡನ್ಸಿನ ಬಿಲ್ಡಿಂಗಿನಲ್ಲಿ ಆಕಾಶದ ಸಮಾಚಾರ ಬಲ್ಲವನು ನಾನೊಬ್ಬನೇ ಎಂದರೆ ಅದು ಜಂಬವಲ್ಲ, ವಸ್ತುಸ್ಥಿತಿ. ಅತ್ತೆ ದುಬೈಗೆ ಬಂದ ದಿನದ ಸಂಜೆಯವರೆಗಂತೂ ಅದೇ ವಸ್ತುಸ್ಥಿತಿಯಾಗಿತ್ತು.

ವೃತ್ತಿಯಿಂದ ನಾನು ಎಸಿ ಡಕ್ಟುಗಳ ಎಸ್ಟಿಮೇಟರ್. ಗಾಳಿ ಹೋಗುವ ಕೊಳವೆಗೆ ಎಷ್ಟು ಖರ್ಚಾದೀತು ಎಂದು ಹೇಳುವವನು. ಹಾಗಾಗಿ ಗಾಳಿಯಲ್ಲೇ ಹಾರುವ ವಿಮಾನಗಳ ಮೇಲೂ ನನಗೆ ಸ್ವಲ್ಪ ಅಧಿಕಾರ ಉಂಟು ಎಂದು ಮೊದಲಿನಿಂದಲೂ ಅನಿಸುತ್ತಿತ್ತು. ನನ್ನ ಸಹೋದ್ಯೋಗಿ, ಗೋವಾದ ಫ್ರಾನ್ಸಿಸ್, ಕೆಲಸ ಬಿಟ್ಟು ಊರಿಗೆ ಹೊರಟಾಗ ಫ್ರಿಜ್ಜನ್ನು ಒಬ್ಬರಿಗೆ, ಸೋಫಾವನ್ನು ಇನ್ನೊಬ್ಬರಿಗೆ ಕೊಟ್ಟು, ನನ್ನ ಕೈಗೆ ಒಂದು ಸ್ಕ್ಯಾನರ್ ಇಟ್ಟ. ನೋಡಲು ವಾಕಿಟಾಕಿಯಂತೆ, ತಲೆಯ ಮೇಲೆ ಉದ್ದ ಆಂಟೆನಾ. ಪೈಲಟ್‌ಗಳು ಕೆಳಗಿನ ಕಂಟ್ರೋಲ್ ಟವರಿನ ಜೊತೆ ಆಡುವ ಮಾತೆಲ್ಲ ಅದರಲ್ಲಿ ಕೇಳುತ್ತದೆ. ಆದರೆ ನಾವು ತಿರುಗಿ ಒಂದಕ್ಷರ ಮಾತಾಡುವಂತಿಲ್ಲ, ಕೇಳುತ್ತಾ ಕೂರಬೇಕು. ಮದುವೆಯಾದವನಿಗೆ ಅದರಲ್ಲಿ ಹೊಸದಾಗಿ ಕಲಿಯಬೇಕಾದದ್ದು ಏನೂ ಇರಲಿಲ್ಲ.

ಕೆಲವೇ ವಾರಗಳಲ್ಲಿ ನಾನು ಪಂಡಿತನಾದೆ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಪಕ್ಕ ಕುರ್ಚಿ ಹಾಕಿ, ಕಿವಿಗೆ ಸ್ಕ್ಯಾನರ್ ಹಿಡಿದು, ಆಗಾಗ ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ಕೇಳಿದ್ದರಲ್ಲಿ ನಾಲ್ಕಾಣೆ ಅರ್ಥವಾಗುತ್ತಿತ್ತು. ಉಳಿದ ಹನ್ನೆರಡಾಣೆಯನ್ನು ನನ್ನ ಅನುಭವದಿಂದ ತುಂಬಿಕೊಳ್ಳುತ್ತಿದ್ದೆ. ಪಕ್ಕದ ಫ್ಲ್ಯಾಟಿನ ಇರ್ಷಾದ್ ಭಾಯಿ ಭಟ್ಕಳದವರು, ದೇರಾದಲ್ಲಿ ಅತ್ತರಿನ ವ್ಯಾಪಾರ. ಅವರು ತಮ್ಮ ಬಾಲ್ಕನಿಯಿಂದ ಬಗ್ಗಿ, "ಏನಂತೆ ಇವತ್ತು?" ಎಂದು ಕೇಳುವರು. "ಗಾಳಿ ವಾಯವ್ಯದಿಂದ. ಟ್ರಾಫಿಕ್ ಸ್ವಲ್ಪ ಜಾಸ್ತಿ," ಎನ್ನುವೆ. ಅವರು "ಮಾಷಾ ಅಲ್ಲಾ" ಎಂದು ಒಳಗೆ ಹೋಗುವರು. ಇಂಥ ಗೌರವ ನನಗೆ ಆಫೀಸಿನಲ್ಲಿ ಯಾವತ್ತೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಅತ್ತೆ ಬರುವುದು ನಿಶ್ಚಯವಾಯಿತು. ಕಾರ್ಕಳದ ನಮ್ಮ ಅತ್ತೆ ವಿಮಾನ ಹತ್ತುವುದು ಅದೇ ಮೊದಲು. ಅದೂ ಒಬ್ಬರೇ. ತುಳು, ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಮಂಡಿ ನೋವು ಬೇರೆ. ನನ್ನ ಹೆಂಡತಿ ವನಿತಾಳಿಗೆ ಒಂದು ವಾರದಿಂದ ಸರಿಯಾಗಿ ಊಟ ಸೇರಿರಲಿಲ್ಲ.

"ನಾವು ಬೇಗ ಹೊರಟು ಏರ್‌ಪೋರ್ಟಿನಲ್ಲೇ ಕೂತಿರುವ," ಎಂದಳು ಅವತ್ತು ಮಧ್ಯಾಹ್ನ. "ಅಮ್ಮ ಹೊರಗೆ ಬಂದಾಗ ನಾವು ಎದುರಿಗೆ ಕಾಣ್ಬೇಕು."

"ಅಲ್ಲಿ ಹೋಗಿ ಕಾಯುವುದು ಜನಸಾಮಾನ್ಯರ ಪದ್ಧತಿ," ಎಂದೆ ನಾನು. "ಅತ್ತೆಯ ವಿಮಾನ ಹತ್ತಿರ ಬಂದದ್ದನ್ನು ಪೈಲಟ್ ಖುದ್ದು ನನಗೆ ತಿಳಿಸ್ತಾನೆ. ಆಮೇಲೆ ಹೊರಟರೂ ಸಾಕು. ಇಳಿದ ಮೇಲೆ ಇಮಿಗ್ರೇಷನ್, ಲಗೇಜು ಅಂತ ಒಂದು ಗಂಟೆ ಹೋಗ್ತದೆ."

"ನಿಮಗೆ ಖಂಡಿತ ಗೊತ್ತಾಗ್ತದಾ?"

"ವನಿತಾ," ಎಂದು ನಾನು ನೊಂದ ಧ್ವನಿಯಲ್ಲಿ ಹೇಳಿದೆ. ಅವಳು ತೆಗೆದಿಟ್ಟಿದ್ದ ಚಪ್ಪಲಿಯನ್ನು ಮತ್ತೆ ಸ್ಟ್ಯಾಂಡಿಗೆ ಸೇರಿಸಿದಳು.

ಟಿಕೆಟ್ಟಿನಲ್ಲಿದ್ದ ವಿಮಾನದ ನಂಬರು ಏಳು ನಾಲ್ಕು ಒಂದು ಎಂದು ಮುಗಿಯುತ್ತಿತ್ತು. ಅದನ್ನು ಮನಸ್ಸಿನಲ್ಲಿ ಜಪಿಸುತ್ತಾ ಬಾಲ್ಕನಿಯಲ್ಲಿ ಪ್ರತಿಷ್ಠಾಪಿತನಾದೆ. ವಿಮಾನ ಬರುವ ಹೊತ್ತಾಯಿತು. ಯಾರ್ಯಾರದೋ ವಿಮಾನ ಬಂತು, ನಮ್ಮ ನಂಬರು ಬರಲಿಲ್ಲ. ಲೇಟಾಗಿದೆ ಎಂದು ಒಳಗೆ ಪ್ರಕಟಣೆ ಹೊರಡಿಸಿದೆ.

ಮಗಳು ಶ್ರೇಯಾ ಫೋನಿನಿಂದ ಕಣ್ಣೆತ್ತದೆ ಹೇಳಿದಳು: "ಅಪ್ಪಾ, ದಿ ಆ್ಯಪ್ ಸೇಸ್ ಲ್ಯಾಂಡೆಡ್."

"ಆ್ಯಪ್ ಯಾರೋ ಆಫೀಸಿನಲ್ಲಿ ಕೂತು ಬರೆದದ್ದು. ನಾನು ಕೇಳ್ತಾ ಇರುವುದು ನೇರ ಆಕಾಶದಿಂದ."

ವನಿತಾಳ ಮುಖ ಬಿಳಿಚಿತು. ತಕ್ಷಣ ಅಮ್ಮನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ನಾನು ಗೆಲುವಿನ ನಗೆ ನಕ್ಕೆ. "ನೋಡು. ಫೋನ್ ಆಫ್ ಇದೆ ಅಂದ್ರೆ ಅವರು ಇನ್ನೂ ವಿಮಾನದಲ್ಲೇ ಇದ್ದಾರೆ ಅಂತ ಅರ್ಥ. ತರ್ಕ ಬೇಕು ಮಾರಾಯ್ತಿ, ತರ್ಕ."

ಶ್ರೇಯಾ ಫೋನಿಗೆ, ವನಿತಾ ಅಡಿಗೆಮನೆಗೆ ಮರಳಿದರು. ಅತ್ತೆಯ ಫೋನು ಚಾರ್ಜ್ ಮುಗಿದು ಸತ್ತಿರಬಹುದು ಎಂಬ ಇನ್ನೊಂದು ತರ್ಕ ನನಗಾಗಲಿ ಅವರಿಗಾಗಲಿ ಹೊಳೆಯಲಿಲ್ಲ.

ಇನ್ನೂ ಮುಕ್ಕಾಲು ಗಂಟೆ ಕಳೆದ ಮೇಲೆ ಸ್ಕ್ಯಾನರ್ ಗೊರಗೊರ ಸದ್ದು ಮಾಡಿತು. ಆ ಸದ್ದಿನ ನಡುವೆ ಸ್ಪಷ್ಟವಾಗಿ "ಸೆವೆನ್ ಫೋರ್ ವನ್" ಎಂದಿತು. ಹಿಂದೆಯೇ "ಹೋಲ್ಡ್" ಎಂಬ ಶಬ್ದ. ನಾನು ಕುರ್ಚಿಯಿಂದ ಎದ್ದು ನಿಂತೆ.

"ಸಿಕ್ಕಿತು. ಅತ್ತೆಯ ವಿಮಾನವನ್ನು ಸಮುದ್ರದ ಮೇಲೆ ಹೋಲ್ಡ್ ಮಾಡಿದ್ದಾರೆ. ಸುತ್ತು ಹಾಕ್ತಾ ಇದೆ."

"ಸುತ್ತು ಹಾಕ್ತಾ ಉಂಟಾ? ಅಯ್ಯೋ, ಅಮ್ಮನಿಗೆ ಬಸ್ಸಿನಲ್ಲಿ ಆಗುಂಬೆ ಘಾಟಿಯೇ ಆಗುದಿಲ್ಲ," ಎಂದು ವನಿತಾ ದೇವರ ಮನೆಗೆ ನಡೆದಳು. ದೀಪ ಹಚ್ಚಲು ಕಡ್ಡಿ ಗೀರಿದ ಶಬ್ದ ಕೇಳಿಸಿತು. ಇರ್ಷಾದ್ ಭಾಯಿ ಸುದ್ದಿ ಕೇಳಿ ಖರ್ಜೂರದ ಪೊಟ್ಟಣ ಹಿಡಿದು ನಮ್ಮ ಮನೆಗೇ ಬಂದರು. ನಾನು ಟೀಪಾಯಿಯ ಮೇಲೆ ಸ್ಟೀಲಿನ ಲೋಟ ಇಟ್ಟು ಅದು ದುಬೈ ಎಂದೆ. ಚಮಚವನ್ನು ಅತ್ತೆ ಎಂದೆ. ಚಮಚ ಲೋಟದ ಸುತ್ತ ತಿರುಗುತ್ತಾ, ಪ್ರತಿ ಸುತ್ತಿಗೆ ಹೇಗೆ ಕೆಳಗಿಳಿಯುತ್ತದೆ ಎಂದು ವಿವರಿಸಿದೆ. "ಗಾಬರಿ ಬೇಡ. ಪೈಲಟ್‌ನ ಧ್ವನಿ ಶಾಂತವಾಗಿದೆ. ನಾವು ಈಗ ಹೊರಟರೆ ಸರಿಯಾಗಿ..."

ಆಗ ಕಾಲಿಂಗ್ ಬೆಲ್ ಆಯಿತು.

ಚಮಚ ಕೈಯಲ್ಲಿ ಹಿಡಿದೇ ಬಾಗಿಲು ತೆರೆದೆ. ಹೊರಗೆ ಅತ್ತೆ ನಿಂತಿದ್ದರು. ಕಾಟನ್ ಸೀರೆ ಒಂಚೂರೂ ಮುದುಡಿರಲಿಲ್ಲ. ಹಿಂದೆ ಅವರ ಸೂಟ್‌ಕೇಸು ಎತ್ತಿಕೊಂಡು ಅಪರಿಚಿತರೊಬ್ಬರು, ಪಕ್ಕದಲ್ಲಿ ಅವರ ಹೆಂಡತಿ.

"ಅತ್ತೆ, ನೀವು ಇನ್ನೂ ಮೇಲೆ ಇದ್ದೀರಲ್ಲ," ಎಂಬ ಮಾತು ನನ್ನ ಬಾಯಿಂದ ಹೊರಟೇ ಹೋಯಿತು.

"ಮೇಲಾ?" ಅತ್ತೆ ಮೇಲಿನ ಮಹಡಿಯ ಮೆಟ್ಟಿಲಿನ ಕಡೆ ನೋಡಿದರು. "ನಿಮ್ಮ ಮನೆ ಇದೇ ಅಲ್ವಾ?"

ವನಿತಾ ಓಡಿ ಬಂದು ಅಮ್ಮನನ್ನು ತಬ್ಬಿಕೊಂಡು ಅತ್ತಳು. ನಾನು ಆ ಅಪರಿಚಿತರನ್ನು ಒಳಗೆ ಕರೆದು ಕೂರಿಸಿದೆ. ಅವರು ಕುಂದಾಪುರದವರು, ಅಬುಧಾಬಿಯ ಬನಿಯಾಸ್‌ನಲ್ಲಿ ವಾಸ. ಅದೇ ವಿಮಾನದಲ್ಲಿ ಬಂದಿದ್ದರು.

"ಫ್ಲೈಟ್ ಎಷ್ಟು ಹೊತ್ತು ಸುತ್ತು ಹಾಕಿತು?" ಎಂದು ಕೊನೆಯ ಆಸೆಯಿಂದ ಕೇಳಿದೆ.

"ಸುತ್ತಾ? ಇಲ್ಲಪ್ಪ. ಟೈಮಿಗಿಂತ ಮೊದಲೇ ಇಳಿಯಿತು. ಹೊರಗೆ ಬಂದರೆ ಅಮ್ಮನನ್ನು ಕರೆದುಕೊಂಡು ಹೋಗಲಿಕ್ಕೆ ಯಾರೂ ಕಾಣಲಿಲ್ಲ. ಅವರ ಫೋನು ಚಾರ್ಜ್ ಮುಗಿದು ಸತ್ತಿತ್ತು, ನಿಮ್ಮ ನಂಬರು ಅದರೊಳಗೇ. ನಾವು ಕೇಳುವ ಮೊದಲೇ ಅವರೇ ಬಂದು, 'ನೀವು ಕನ್ನಡದವರಲ್ವಾ, ನಿಮ್ಮ ದಾರಿಯಲ್ಲಿ ಡಿಸ್ಕವರಿ ಗಾರ್ಡನ್ ಸಿಕ್ತದಾ' ಅಂತ ಕೇಳಿದರು. ಅಬುಧಾಬಿ ದಾರಿಯಲ್ಲೇ ಅಲ್ವಾ. ಬಿಲ್ಡಿಂಗ್ ನಂಬರು, ಸ್ಟ್ರೀಟ್ ನಂಬರು, ಎಲ್ಲ ಅವರಿಗೆ ಬಾಯಿಪಾಠ."

ಇರ್ಷಾದ್ ಭಾಯಿ ನನ್ನ ಕೈಯಿಂದ ಮೆಲ್ಲನೆ ಚಮಚ ತೆಗೆದು ಲೋಟದೊಳಗೆ ಇಟ್ಟರು. "ಲ್ಯಾಂಡಿಂಗ್ ಆಯ್ತು. ಖಲಾಸ್," ಎಂದರು.

ರಾತ್ರಿಯ ಊಟಕ್ಕೆ ಎಲ್ಲರನ್ನೂ ನಿಲ್ಲಿಸಿಕೊಂಡೆವು. ಅತ್ತೆ ಊಟದುದ್ದಕ್ಕೂ ತಮ್ಮ ಪ್ರಯಾಣ ಹೇಳಿದರು. ಸೀಟ್ ಬೆಲ್ಟು ತಾವೇ ಹಾಕಿಕೊಂಡದ್ದು, ಇಮಿಗ್ರೇಷನ್ನಿನ ಹುಡುಗಿಗೆ ತುಳುವಿನಲ್ಲೇ ಉತ್ತರ ಕೊಟ್ಟದ್ದು, ಅವಳು ನಕ್ಕು ಸೀಲು ಒತ್ತಿದ್ದು. ವನಿತಾ ಅಮ್ಮನ ಮುಖವನ್ನೇ ನೋಡುತ್ತಾ ಹೆಮ್ಮೆಯಿಂದ ಉಬ್ಬಿ ಹೋಗಿದ್ದಳು. ನಿಜ ಹೇಳಬೇಕೆಂದರೆ ನಾನೂ. ಇಂಥ ಧೈರ್ಯದ ಹೆಂಗಸಿನ ಅಳಿಯ ನಾನು ಎಂದು ಬನಿಯಾಸ್‌ನವರ ಎದುರು ಎರಡು ಸಲ ನೆನಪಿಸಿದೆ. ಅವರು ಎರಡು ಸಲವೂ ನನ್ನನ್ನು ಸ್ವಲ್ಪ ವಿಚಿತ್ರವಾಗಿ ನೋಡಿದರು.

ಮರುದಿನ ಫ್ರಾನ್ಸಿಸ್‌ಗೆ ಫೋನ್ ಮಾಡಿ ಯಂತ್ರ ಕೆಟ್ಟಿದೆ ಎಂದು ದೂರಿದೆ. ಅವನು ಎಲ್ಲ ಕೇಳಿ ಬಹಳ ಹೊತ್ತು ನಕ್ಕ. ಟಿಕೆಟ್ಟಿನ ನಂಬರನ್ನೇ ಪೈಲಟ್ ಹೇಳಬೇಕೆಂದಿಲ್ಲವಂತೆ. ರೇಡಿಯೋದಲ್ಲಿ ಎಷ್ಟೋ ವಿಮಾನಗಳಿಗೆ ಬೇರೆಯೇ ಹೆಸರಂತೆ. ನಾನು ಕೇಳಿದ್ದು ಯಾವುದೋ ಸಾಮಾನು ಸಾಗಿಸುವ ವಿಮಾನ ಇರಬೇಕು ಎಂದ. ಅಂದರೆ ವನಿತಾ ದೀಪ ಹಚ್ಚಿ ಬೇಡಿಕೊಂಡದ್ದು ಯಾರದೋ ಫ್ರಿಜ್ಜು, ವಾಷಿಂಗ್ ಮೆಷಿನ್ನುಗಳ ಕ್ಷೇಮಕ್ಕೆ.

"ಅದಿರಲಿ," ಎಂದ ಫ್ರಾನ್ಸಿಸ್, "ಆ ಯಂತ್ರ ಇಟ್ಟುಕೊಳ್ಳಲಿಕ್ಕೆ ನನ್ನ ಹತ್ತಿರ ಸರ್ಕಾರದ ಪರ್ಮಿಟ್ ಇತ್ತು. ನೀನು ನಿನ್ನ ಹೆಸರಲ್ಲಿ ತಗೊಂಡಿದ್ದೀ ತಾನೆ?"

ನಾನು ಫೋನ್ ಇಟ್ಟವನೇ ಸ್ಕ್ಯಾನರಿನ ಬ್ಯಾಟರಿ ಕಳಚಿದೆ. ಆಕಾಶದ ಜವಾಬ್ದಾರಿಯನ್ನು ಅಂದಿನಿಂದ ಸಂಬಂಧಪಟ್ಟವರಿಗೇ ಬಿಟ್ಟುಕೊಟ್ಟೆ.

ಸಂಜೆ ಅತ್ತೆ ಕಾರ್ಕಳದ ತಂಗಿಯ ಜೊತೆ ಫೋನಿನಲ್ಲಿದ್ದರು. ನಾನು ಪಕ್ಕದ ಕೋಣೆಯಲ್ಲಿ ಕಿವಿ ನಿಮಿರಿಸಿದೆ. ಅತ್ತೆ ದೊಡ್ಡ ಮನಸ್ಸಿನವರು, ನನ್ನ ಮರ್ಯಾದೆ ಉಳಿಸುತ್ತಾರೆ ಎಂಬ ನಂಬಿಕೆ ನನಗಿತ್ತು. ಉಳಿಸಿದರು ಕೂಡ.

"ಇಲ್ಲ ಇಲ್ಲ, ಅಳಿಯನಿಗೆ ಬರ್ಬೇಕು ಅಂತ ತುಂಬ ಮನಸ್ಸಿತ್ತು," ಎನ್ನುತ್ತಿದ್ದರು. "ಮಧ್ಯಾಹ್ನದಿಂದ ಬಾಲ್ಕನಿಯಲ್ಲೇ ಕೂತು ಕೇಳಿದ್ದಾನೆ. ಪಾಪ, ಇಷ್ಟು ವರ್ಷ ದುಬೈಯಲ್ಲಿದ್ದರೂ ಅವನಿಗೆ ಇಂಗ್ಲಿಷ್ ಅಷ್ಟು ಅರ್ಥ ಆಗುದಿಲ್ಲ."