ಹಿಂದಿನ ಬಾಗಿಲಿನ ಬೀಗ

ಆ ಶನಿವಾರದ ಅವಾಂತರಕ್ಕೆಲ್ಲ ಮೂಲ ಅಂಗೈಯಗಲದ ಒಂದು ಬೀಗ. ತಂದವರು ಕಾಮರ್ಸ್ ಮೇಷ್ಟ್ರು, ತರಿಸಿದವರು ಲೈಬ್ರರಿಯನ್ ಸಾಹೇಬರು.

ಕಾಲೇಜಿನಲ್ಲಿ ಉದ್ಯೋಗ ಮಾರ್ಗದರ್ಶನ ಘಟಕ ಅಂತ ಒಂದಿತ್ತು. ಓದು ಮುಗಿಸಿದ ಮಕ್ಕಳು ಅರ್ಜಿ ಹಿಡಿದು ಅಲೆಯುವ ಬದಲು ಸ್ವಂತ ವ್ಯಾಪಾರ, ಉದ್ಯಮ ಅಂತ ಯೋಚಿಸಲಿ ಎಂದು ಪ್ರತಿ ಶನಿವಾರ ಒಂದು ಸೆಮಿನಾರೋ ಕಾರ್ಯಾಗಾರವೋ ನಡೆಸುವುದು ಅದರ ಕೆಲಸ. ಘಟಕ ಎಂದರೆ ಮೇಷ್ಟ್ರೊಬ್ಬರೇ. ಎರಡು ವರ್ಷದ ಹಿಂದೆ ಸ್ಟಾಫ್ ಮೀಟಿಂಗಿನಲ್ಲಿ ಪ್ರಿನ್ಸಿಪಾಲರು "ಯಾರು ನೋಡ್ಕೊಳ್ತೀರಿ?" ಎಂದು ಕೇಳಿದಾಗ ಉಳಿದವರೆಲ್ಲ ತಲೆ ತಗ್ಗಿಸಿ ಕೂತಿದ್ದರು. ಮೇಷ್ಟ್ರಿಗೆ ಅದೇ ಹೊತ್ತಿಗೆ ಸೀನು ಬಂತು. ಸೀನಿ ತಲೆ ಎತ್ತಿದಾಗ ಪ್ರಿನ್ಸಿಪಾಲರ ಕಣ್ಣಿಗೆ ಬಿದ್ದಿದ್ದು ಅವರ ಮುಖವೊಂದೇ.

ಆ ತಿಂಗಳೇ ಅವರು ಎಂಟು ವರ್ಷದ ಮಗಳಿಗೆ ಒಂದು ಸೈಕಲ್ ತಂದಿದ್ದರು. "ಶನಿವಾರ ಕಲಿಸ್ತೀನಿ" ಎಂದು ಮಾತು ಕೊಟ್ಟಿದ್ದರು. ಭಾನುವಾರ ಮೈದಾನದ ತುಂಬ ಚೆಂಡಾಡುವ ದಾಂಡಿಗರು. ಖಾಲಿ ಸಿಗುವುದು ಶನಿವಾರವೇ. ಆದರೆ ಶನಿವಾರಗಳನ್ನೆಲ್ಲ ಘಟಕ ನುಂಗಿತು. ಮಗಳು ಕ್ಯಾಲೆಂಡರಿನಲ್ಲಿ ಒಂದೊಂದೇ ಶನಿವಾರದ ಮೇಲೆ ಕೆಂಪು ಗೀಟು ಎಳೆಯುತ್ತ ಬಂದಳು. ಈಗ ಅವಳಿಗೆ ಹತ್ತು. ಸೈಕಲ್ ಇದ್ದಷ್ಟೇ ಇತ್ತು. ಆ ಕ್ಯಾಲೆಂಡರಿನ ಕಡೆ ನೋಡುವ ಧೈರ್ಯ ಮೇಷ್ಟ್ರಿಗೆ ಉಳಿದಿರಲಿಲ್ಲ.

ಕೊನೆಗೊಂದು ದಿನ ಅವರು ಪ್ರಿನ್ಸಿಪಾಲರ ಕೋಣೆಗೆ ಹೋಗಿ ಕೈ ಮುಗಿದರು. ಪ್ರಿನ್ಸಿಪಾಲರು ಕನ್ನಡಕ ಒರೆಸಿಕೊಂಡು ಹೇಳಿದರು: "ನೋಡಿ ಮೇಷ್ಟ್ರೇ, ಈ ಶನಿವಾರ ಬಿಸ್ಕತ್ತಿನ ಫ್ಯಾಕ್ಟರಿ ಮಾಲೀಕರು ಬರ್ತಿದ್ದಾರೆ, ದೊಡ್ಡ ಮನುಷ್ಯರು. ಶುರುವಿಂದ ಕೊನೇವರೆಗೂ ಹಾಲ್ ತುಂಬಿರ್ಬೇಕು. ಅದೊಂದು ಮಾಡಿ, ಘಟಕ ನಿಮ್ಮ ತಲೆ ಮೇಲಿಂದ ಇಳಿಸ್ತೀನಿ. ಇದು ನನ್ನ ಮಾತು."

ಹಾಲ್ ತುಂಬುವುದೇನೂ ಕಷ್ಟವಿರಲಿಲ್ಲ, ತುಂಬಿದ್ದು ನಿಲ್ಲುತ್ತಿರಲಿಲ್ಲ. ಮುಂದಿನ ಬಾಗಿಲಲ್ಲಿ ಹಾಜರಿ ರಿಜಿಸ್ಟರು. ಮಕ್ಕಳು ಸಾಲಾಗಿ ಬಂದು ಸಹಿ ಹಾಕುತ್ತಿದ್ದರು, ಒಳಗೆ ಹೋಗುತ್ತಿದ್ದರು, ನಡಿಗೆ ನಿಲ್ಲಿಸದೆ ಹಿಂದಿನ ಬಾಗಿಲಿಂದ ವರಾಂಡಕ್ಕೆ ದಾಟುತ್ತಿದ್ದರು. ವರಾಂಡದ ಒಂದು ಮೂಲೆಯಲ್ಲಿ ಬಾತ್‌ರೂಮು, ಇನ್ನೊಂದು ಮೂಲೆಯಲ್ಲಿ ಕಬ್ಬಿಣದ ಗೇಟು, ಗೇಟಿನಾಚೆ ಬೀದಿ. ರಿಜಿಸ್ಟರಿನ ಪ್ರಕಾರ ಪ್ರತಿ ಸೆಮಿನಾರಿಗೂ ಇನ್ನೂರು ಜನ, ಕುರ್ಚಿಗಳ ಪ್ರಕಾರ ಹದಿನಾಲ್ಕು. ಎರಡು ವರ್ಷ ಮೇಷ್ಟ್ರು ಮಾಡಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಕೆಲಸ.

ಆಗ ಕಾಣಿಸಿಕೊಂಡವರು ಲೈಬ್ರರಿಯನ್ ಸಾಹೇಬರು. ಕಾಲೇಜಿನಲ್ಲಿ ಅವರನ್ನು ಎಲ್ಲರೂ ಕರೆಯುವುದು 'ಉಚಿತ ಸಲಹೆ' ಎಂದು. ಅವರ ಲೈಬ್ರರಿಯಲ್ಲಿ ಪುಸ್ತಕ ಸಿಗದಿದ್ದರೂ ಸಲಹೆ ಸಿಗುತ್ತಿತ್ತು.

"ಅಲ್ರೀ, ತೂತಿರೋ ಕೊಡಕ್ಕೆ ಎಷ್ಟೂಂತ ನೀರು ಹಾಕ್ತೀರಿ? ಮೊದಲು ತೂತು ಮುಚ್ಚಿ. ಗೇಟಿಗೆ ಹಳೇ ಬೀಗ ಇದ್ದೇ ಇದೆ. ಬಾಗಿಲಿಗೊಂದು ಹೊಸದು ತನ್ನಿ. ಒಳಗೆ ಬಂದೋನು ಎಲ್ಲಿಗೆ ಹೋಗ್ತಾನೆ?"

ಇಷ್ಟು ಸುಲಭದ ಉಪಾಯ ತಮಗೇಕೆ ಹೊಳೆಯಲಿಲ್ಲ ಎಂದು ಮೇಷ್ಟ್ರು ನಾಚಿಕೊಂಡರು. ಶನಿವಾರ ಬೆಳಿಗ್ಗೆ ಬೀಗವನ್ನು ಚೀಲಕ್ಕೆ ಹಾಕಿಕೊಂಡು ಮಗಳ ತಲೆ ಸವರಿದರು. "ಇವತ್ತೊಂದೇ ದಿನ ಪುಟ್ಟಾ. ಮುಂದಿನ ಶನಿವಾರ ನೀನು, ನಾನು, ಸೈಕಲ್ಲು."

"ಹೂಂ" ಎಂದಳು ಮಗಳು. ಹಾಗೆಂದವಳೇ ಮುಂದಿನ ಶನಿವಾರಕ್ಕೂ ಈಗಲೇ ಗೀಟು ಎಳೆದಳು.

ಒಂಬತ್ತೂವರೆಗೆ ಕಾಲೇಜಿನ ಮುಂದಿನ ಗೇಟಿನಲ್ಲಿ ಬಾಡಿಗೆ ಕುರ್ಚಿಗಳ ಲಾರಿ ಅಡ್ಡ ನಿಂತಿತ್ತು. ಕುರ್ಚಿ ಬಾಡಿಗೆಯವನು, ಹೊಟ್ಟೆಯ ಮೇಲೆ ಅಳತೆಪಟ್ಟಿ ಸಿಕ್ಕಿಸಿಕೊಂಡ ಗಟ್ಟಿ ಆಸಾಮಿ, ತಾನೇ ಕುರ್ಚಿ ಇಳಿಸುತ್ತಿದ್ದ. ಒಂಬತ್ತೂಮುಕ್ಕಾಲಿಗೆ ಮೇಷ್ಟ್ರು ಹಿಂದಿನ ಗೇಟಿಗೆ ಬೀಗ ಜಡಿದರು, ಬಾಗಿಲಿಗೆ ಬೀಗ ಜಡಿದರು, ಎರಡು ಕೀಲಿಯನ್ನೂ ಜೇಬಿಗೆ ಹಾಕಿ ಜೇಬು ತಟ್ಟಿಕೊಂಡರು. ಆಮಂತ್ರಣದಲ್ಲಿ ಹತ್ತು ಗಂಟೆ ಎಂದಿತ್ತು. ಹತ್ತು ಎಂದರೆ ಅತಿಥಿಗಳು ಬರುವುದು ಹನ್ನೊಂದಕ್ಕೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಆದ್ದರಿಂದ ಅತಿಥಿಗಳನ್ನು ಎದುರುಗೊಳ್ಳಲು ಗೇಟಿನ ಬಳಿ ಯಾರೂ ನಿಂತಿರಲಿಲ್ಲ.

ಹತ್ತಕ್ಕೆ ಮಕ್ಕಳು ಸಹಿ ಹಾಕಿ ಒಳಗೆ ನುಗ್ಗಿದರು. ಹಿಂದಿನ ಬಾಗಿಲವರೆಗೆ ಹೋದರು. ಬೀಗ ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಬಾಗಿಲಿಗೆ ಉಚಿತ ಸಲಹೆಯವರು ಮೇಜು ಅಡ್ಡ ಎಳೆದುಕೊಂಡು ಕೂತಿದ್ದರು. ಕುರ್ಚಿ ತುಂಬಿದವು. ಉಳಿದವರು ಗೋಡೆಗುಂಟ ನಿಂತರು. ಹಾಲ್ ತುಂಬಿದ್ದನ್ನು ಮೇಷ್ಟ್ರು ಎರಡು ವರ್ಷದಲ್ಲಿ ಮೊದಲ ಬಾರಿಗೆ ನೋಡಿದರು. ಅವರ ಕಣ್ಣು ತುಂಬಿ ಬಂತು.

ಹತ್ತೂ ಹತ್ತಕ್ಕೆ ಹಿಂದಿನ ಬಾಗಿಲು ದಡದಡ ಬಡಿಯಿತು.

"ಯಾರದು?" ಎಂದರು ಮೇಷ್ಟ್ರು.

"ಬಾಗಿಲು ತೆಗೀರಿ! ನಾನು ಮುಖ್ಯ ಅತಿಥಿ!"

ಮೇಷ್ಟ್ರು ನಕ್ಕರು. ಹೋದ ತಿಂಗಳು ಸೆಮಿನಾರು ಮುಗಿದು ಬಾಗಿಲು ಹಾಕಿದ ಮೇಲೆ ಒಬ್ಬ ಹೀಗೇ ಹೊರಗಿಂದ "ನಾನು ಪ್ರಿನ್ಸಿಪಾಲರ ಭಾವಮೈದ" ಎಂದು ಕೂಗಿದ್ದ. ತೆಗೆದು ನೋಡಿದರೆ ಎರಡನೇ ವರ್ಷದ ಹುಡುಗ, ಮರೆತುಹೋದ ಛತ್ರಿಗೆ ಬಂದಿದ್ದ. ಉಚಿತ ಸಲಹೆಯವರು ಮೇಜಿನಿಂದಲೇ ಕೂಗಿದರು: "ದನಿ ದಪ್ಪ ಮಾಡ್ತಾನೆ ನೋಡಿ ಕಿಲಾಡಿ! ಮಿಮಿಕ್ರಿ ಸ್ಪರ್ಧೇಲಿ ಗೆದ್ದೋನೇ ಇರ್ಬೇಕು. ತೆಗೀಬೇಡಿ!"

ಮೇಷ್ಟ್ರು ಬಾಗಿಲಿಗೆ ಬಾಯಿ ಹಚ್ಚಿ ಹೇಳಿದರು: "ನೀನು ಮುಖ್ಯ ಅತಿಥಿ ಆದ್ರೆ ನಾನು ಈ ಊರಿನ ಮೇಯರ್ ಕಣಪ್ಪ. ಎಷ್ಟು ಬಡಿದ್ರೂ ಅಷ್ಟೇ. ಅಲ್ಲೇ ಕೂತ್ಕೊ."

ಸ್ವಲ್ಪ ಹೊತ್ತು ಬಡಿತ ಕೇಳಿಸಿತು, ಆಮೇಲೆ ನಿಂತಿತು.

ಹನ್ನೊಂದಾಯಿತು. ಅತಿಥಿ ಇಲ್ಲ. ಫೋನ್ ಮಾಡಿದರೆ ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ಕೂಡಿಹಾಕಿದ ಇನ್ನೂರು ಮಕ್ಕಳು ಮೊದಲು ಗುಸುಗುಸು ಎಂದರು, ಆಮೇಲೆ ಶಿಳ್ಳೆ ಹೊಡೆದರು. ಪ್ರಿನ್ಸಿಪಾಲರ ಮುಖ ಕೆಂಪಾಯಿತು.

"ಏನ್ರೀ ಮೇಷ್ಟ್ರೇ, ಏನಾದ್ರೂ ಮಾಡ್ರೀ! ಅವ್ರು ಬರೋವರೆಗೂ ನೀವೇ ಮಾತಾಡಿ!"

ಮೇಷ್ಟ್ರು ವೇದಿಕೆ ಹತ್ತಿ 'ಯಶಸ್ವಿ ಉದ್ಯಮಿಯ ಹತ್ತು ಲಕ್ಷಣಗಳು' ಎಂದು ಶುರು ಮಾಡಿದರು. ಎರಡನೇ ಲಕ್ಷಣಕ್ಕೆ ಬರುವಷ್ಟರಲ್ಲಿ ಗೋಡೆಯ ಪಕ್ಕ ನಿಂತಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು.

"ಸಾರ್, ನೀವು ಯಾವ ವ್ಯಾಪಾರ ಮಾಡಿದ್ದೀರಿ?"

ಮೇಷ್ಟ್ರು ಜೀವಮಾನದಲ್ಲಿ ಒಮ್ಮೆ ಹಳೆಯ ಸ್ಕೂಟರ್ ಮಾರಲು ಹೊರಟಿದ್ದರು. ಕೊಳ್ಳಲು ಬಂದವನ ಕಷ್ಟವನ್ನೆಲ್ಲ ಕೇಳಿ, ಅದೇ ಸ್ಕೂಟರಿನಲ್ಲಿ ಅವನನ್ನು ಮನೆಗೆ ಬಿಟ್ಟು ವಾಪಸ್ಸು ಬಂದಿದ್ದರು. ಅದನ್ನು ಹೇಳುವುದೋ ಬೇಡವೋ ಎಂದು ಅವರು ತಡವರಿಸುತ್ತಿದ್ದಾಗ ಹಿಂದಿನಿಂದ ಒಂದು ಗಟ್ಟಿ ದನಿ ಬಂತು.

"ಸಾರ್, ಬೇಗ ಮುಗಿಸ್ತೀರಾ? ಮಧ್ಯಾಹ್ನ ಇನ್ನೊಂದು ಕಡೆ ಕುರ್ಚಿ ಹೋಗ್ಬೇಕು!"

ಕುರ್ಚಿ ಬಾಡಿಗೆಯವನು. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. "ಬನ್ನಿ ಬನ್ನಿ!" ಎಂದರು ಮೇಷ್ಟ್ರು. "ಮಕ್ಕಳೇ, ಇವ್ರು ಇಪ್ಪತ್ತು ವರ್ಷದಿಂದ ಸ್ವಂತ ವ್ಯಾಪಾರ ನಡೆಸ್ತಿದ್ದಾರೆ. ಇವ್ರನ್ನೇ ಕೇಳಿ!"

ಕುರ್ಚಿಯವನಿಗೆ ಮೈಕ್ ಹೊಸದು. ಅದನ್ನು ಟಾರ್ಚಿನ ಹಾಗೆ ಹಿಡಿದುಕೊಂಡ.

"ಹೇಳೋಕೇನಿದೆ? ಮದುವೆಗೂ ಅದೇ ಕುರ್ಚಿ, ಸಾವಿಗೂ ಅದೇ ಕುರ್ಚಿ. ಮದುವೆಯೋರು ಆರು ತಿಂಗಳು ಮುಂಚೆ ಹೇಳ್ತಾರೆ, ಆದ್ರೂ ಹಿಂದಿನ ದಿನ ಜಗಳ ಆಡ್ತಾರೆ. ಸಾವಿನೋರು ಹತ್ತು ನಿಮಿಷ ಮುಂಚೆ ಹೇಳ್ತಾರೆ, ಜಗಳ ಆಡಲ್ಲ. ಅದಕ್ಕೇ ಲಾರಿಯಲ್ಲಿ ಯಾವಾಗ್ಲೂ ಐವತ್ತು ಕುರ್ಚಿ ತುಂಬಿಸಿ ಇಟ್ಟಿರ್ತೀನಿ. ಗಿರಾಕಿ ಫೋನ್ ಮಾಡಿದ್ಮೇಲೆ ತುಂಬೋನು ವ್ಯಾಪಾರಿ ಅಲ್ಲ."

ಮಕ್ಕಳು ನೋಟ್‌ಬುಕ್ಕು ತೆಗೆದರು. ಎರಡು ವರ್ಷದಲ್ಲಿ ಇದೂ ಮೊದಲು.

"ಇನ್ನೊಂದು. ಗಿರಾಕಿ ಹೇಳಿದ್ದನ್ನ ಕೇಳಿಸ್ಕೊಳ್ಳಿ, ಆದ್ರೆ ಮಾಡೋಕೆ ಮುಂಚೆ ಗಿರಾಕಿನ ನೋಡಿ. ಈ ಕಾಲೇಜಿನೋರು ಎರಡು ವರ್ಷದಿಂದ ಇನ್ನೂರು ಕುರ್ಚಿ ತನ್ನಿ ಅಂತಾರೆ. ಹದಿನಾಲ್ಕರ ಮೇಲೆ ಕೂತಿದ್ದು ನಾ ಕಾಣೆ. ನಾನು ಅರವತ್ತು ತಂದು ದೂರದೂರ ಹಾಕ್ತೀನಿ. ಹಾಲ್ ತುಂಬಿದ ಹಾಗೆ ಕಾಣುತ್ತೆ, ಅವ್ರಿಗೂ ಖುಷಿ, ನನ್ನ ಬೆನ್ನಿಗೂ ಖುಷಿ." ಗೋಡೆಗುಂಟ ನಿಂತವರ ಕಡೆ ನೋಡಿ ತಲೆ ಕೆರೆದುಕೊಂಡ. "ಇವತ್ತು ಮಾತ್ರ ನಾನೇ ಮೋಸ ಹೋದೆ."

ಚಪ್ಪಾಳೆಯೋ ಚಪ್ಪಾಳೆ. ಪ್ರಿನ್ಸಿಪಾಲರು ಮಾತ್ರ ತಮ್ಮ ಕುರ್ಚಿಯಿಂದ ಪಕ್ಕದ ಕುರ್ಚಿಗೆ ಎಷ್ಟು ದೂರವಿದೆ ಎಂದು ಕಣ್ಣಲ್ಲೇ ಅಳೆಯುತ್ತಿದ್ದರು. ಪ್ರಶ್ನೆಗಳ ಮೇಲೆ ಪ್ರಶ್ನೆ ಬಂದವು. ಕುರ್ಚಿ ಮುರಿದರೆ ಏನು ಮಾಡ್ತೀರಿ, ಮಳೆ ಬಂದರೆ ಏನು, ಪಕ್ಕದ ಬೀದಿಯಲ್ಲಿ ಇನ್ನೊಬ್ಬ ಅಂಗಡಿ ತೆರೆದರೆ ಏನು. ಹನ್ನೆರಡೂಕಾಲಿಗೆ ಮುಗಿದಾಗ ಒಬ್ಬರೂ ಕದಲಿರಲಿಲ್ಲ. ಗೆದ್ದೆ ಎಂದುಕೊಂಡ ಮೇಷ್ಟ್ರು, ಬಾತ್‌ರೂಮಿಗೆ ತುದಿಗಾಲಲ್ಲಿ ನಿಂತಿದ್ದ ಮಕ್ಕಳಿಗಾಗಿ ಹಿಂದಿನ ಬಾಗಿಲ ಬೀಗ ತೆಗೆದರು.

ಹೊರಗೆ, ಬೋರಲು ಹಾಕಿದ ಬಕೀಟಿನ ಮೇಲೆ, ಕೋಟು ತೊಟ್ಟ ಹಿರಿಯರೊಬ್ಬರು ಕೂತಿದ್ದರು. ಆಮಂತ್ರಣ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಪತ್ರಿಕೆಯ ಮೇಲಿನ ಫೋಟೋದಲ್ಲಿದ್ದವರೂ ಅವರೇ.

"ಮೇಯರ್ ಸಾಹೇಬರು ನೀವೇನಾ?" ಎಂದರು ಅವರು.

ಬಿಸ್ಕತ್ತಿನ ಮಾಲೀಕರಿಗೆ ಹತ್ತು ಎಂದರೆ ಹತ್ತು. ಒಂಬತ್ತೂವರೆಗೇ ಬಂದಿದ್ದರು. ಮುಂದೆ ಕುರ್ಚಿ ಲಾರಿ ಅಡ್ಡ ಇದ್ದುದರಿಂದ ಡ್ರೈವರು ಹಿಂದಿನ ಗೇಟಿನಲ್ಲಿ ಇಳಿಸಿ, ಅವರ ಫೋನಿನ ಸಮೇತ ಪೆಟ್ರೋಲಿಗೆ ಹೋಗಿದ್ದ. ಎದುರುಗೊಳ್ಳಲು ಯಾರೂ ಇಲ್ಲದ್ದರಿಂದ ಅವರು ಮೊದಲು ಬಾತ್‌ರೂಮಿಗೆ ಹೋಗಿದ್ದರು. ಆಚೆ ಬರುವಷ್ಟರಲ್ಲಿ ಎರಡು ಕಡೆಯೂ ಬೀಗ. ಹತ್ತಕ್ಕೆ ಯಾರಾದರೂ ತೆಗೆಯುತ್ತಾರೆಂದು ಕಾದು, ಆಮೇಲೆ ಬಡಿದಿದ್ದರು.

ಪ್ರಿನ್ಸಿಪಾಲರ ಬಾಯಿ ತೆರೆಯಿತು, ಮಾತು ಬರಲಿಲ್ಲ. ಉಚಿತ ಸಲಹೆಯವರು "ನಾನು ಅವತ್ತೇ ಬೇಡ ಅಂದಿದ್ದೆ" ಎಂದು ಎರಡು ಹೆಜ್ಜೆ ಹಿಂದೆ ಸರಿದರು.

"ಬೀಗ ಹಾಕಿದ್ದು ಯಾರು?" ಎಂದರು ಮಾಲೀಕರು.

ಮೇಷ್ಟ್ರ ತಲೆ ಓಡಿತು. ಹಾಲ್ ತುಂಬಿತ್ತು, ಆದ್ದರಿಂದ ಕೊಟ್ಟ ಮಾತಿನಂತೆ ಬಿಡುಗಡೆ. ಅತಿಥಿಯನ್ನು ಕೂಡಿಹಾಕಿದ್ದಾಯಿತು, ಆದ್ದರಿಂದ ಶಿಕ್ಷೆಯಾಗಿಯೂ ಬಿಡುಗಡೆ. ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು! ಅವರು ಎದೆಯುಬ್ಬಿಸಿ ಹೇಳಿದರು: "ನಾನೇ ಸಾರ್. ನಾನೊಬ್ಬನೇ. ಈ ಘಟಕಕ್ಕೆ ನಾನು ಲಾಯಕ್ಕಿಲ್ಲ ಸಾರ್, ದಯವಿಟ್ಟು ತೆಗೆದುಹಾಕಿ."

ಮಾಲೀಕರು ಬಕೀಟಿನಿಂದ ಎದ್ದರು, ಬಂದು ಮೇಷ್ಟ್ರ ಕೈ ಹಿಡಿದು ಕುಲುಕಿದರು.

"ನಲವತ್ತೊಂದು ಕಾಲೇಜಲ್ಲಿ ಭಾಷಣ ಮಾಡಿದ್ದೀನಿ. ನಾನು ಮುಗಿಸೋ ಹೊತ್ತಿಗೆ ಉಳಿಯೋದು ಪ್ರಿನ್ಸಿಪಾಲರು, ಮೈಕಿನೋನು. ಇಲ್ಲಿ ಎರಡು ಗಂಟೆ ಒಬ್ಬನೂ ಹೊರಗೆ ಬರಲಿಲ್ಲ, ನಾನೇ ಸಾಕ್ಷಿ! ಆ ಕುರ್ಚಿಯವನ ಮಾತು ಬಾಗಿಲ ಸಂದಿಯಿಂದ ಪೂರ್ತಿ ಕೇಳಿದೆ. ಪ್ರಿನ್ಸಿಪಾಲರೇ, ಪ್ರತಿ ಶನಿವಾರ ಇಡೀ ದಿನ ಕಾರ್ಯಾಗಾರ ನಡೀಲಿ. ಖರ್ಚೆಲ್ಲ ನಮ್ಮ ಫ್ಯಾಕ್ಟರೀದು. ಒಂದೇ ಷರತ್ತು, ನಡೆಸೋರು ಇವ್ರೇ ಆಗಿರ್ಬೇಕು."

"ಖಂಡಿತ!" ಎಂದರು ಪ್ರಿನ್ಸಿಪಾಲರು, ಈಗ ಮಾತು ಬಂದಿತ್ತು.

"ಸಾರ್, ಘಟಕ ಇಳಿಸ್ತೀನಿ ಅಂತ ಮಾತು ಕೊಟ್ಟಿದ್ರಿ!" ಎಂದು ಮೇಷ್ಟ್ರು ಕಿವಿಯಲ್ಲಿ ಗೋಗರೆದರು.

"ಇಳಿಸಿದ್ನಲ್ರೀ. ಘಟಕ ಇವತ್ತಿಗೆ ಮುಗೀತು. ಇನ್ನು ಅದು ಕೇಂದ್ರ. ನೀವು ನಿರ್ದೇಶಕರು!"

ಸಂಜೆ ಮೇಷ್ಟ್ರು ಮನೆಗೆ ಬಂದು ಎಲ್ಲವನ್ನೂ ಹೇಳಿದರು. ಹೆಂಡತಿ ಬಿದ್ದು ಬಿದ್ದು ನಕ್ಕಳು. ಮಗಳು ನಗಲಿಲ್ಲ.

"ಅಪ್ಪಾ, ಎರಡೂ ಕಡೆ ಬೀಗ ಹಾಕಿದ್ರೆ ಯಾರಿಗೂ ಹೋಗೋಕಾಗಲ್ವಾ?"

"ಯಾರಿಗೂ ಆಗಲ್ಲ ಪುಟ್ಟಾ" ಎಂದರು ಮೇಷ್ಟ್ರು ನಿಟ್ಟುಸಿರಿಟ್ಟು.

ಮುಂದಿನ ಶನಿವಾರ ಬೆಳಿಗ್ಗೆ ಅವರು ಷೂ ಹಾಕಿಕೊಂಡು ಬಾಗಿಲು ಎಳೆದರೆ ಬರಲಿಲ್ಲ. ಹಿತ್ತಲ ಬಾಗಿಲಿಗೆ ಓಡಿದರು, ಅದೂ ಬರಲಿಲ್ಲ. ದಡದಡ ಬಡಿದರು.

"ಎಷ್ಟು ಬಡಿದ್ರೂ ಅಷ್ಟೇ ಕಣ್ರೀ" ಎಂದು ಹೊರಗಿಂದ ಹೆಂಡತಿಯ ದನಿ. "ಕೀಲಿ ಇವಳ ಹತ್ರ ಇದೆ. ಅಲ್ಲೇ ಕೂತ್ಕೊಳಿ."

ಹತ್ತಕ್ಕೆ ಪ್ರಿನ್ಸಿಪಾಲರ ಫೋನ್ ಬಂತು. "ಎಲ್ಲಿದ್ದೀರ್ರೀ ನಿರ್ದೇಶಕರೇ?"

"ಸಾರ್, ಮನೇಲಿ ನನ್ನನ್ನ ಒಳಗೆ ಹಾಕಿ ಬೀಗ ಜಡಿದಿದ್ದಾರೆ."

"ನಂಬೋ ಹಾಗಿರೋ ಮಾತು ಹೇಳ್ರೀ! ನೀವು ಬೀಗದೊಳಗಿದ್ರೆ ನಾನು ಈ ಊರಿನ ಮೇಯರ್!" ಫೋನ್ ಕಟ್ಟಾಯಿತು. ಐದು ನಿಮಿಷಕ್ಕೆ ಮೆಸೇಜು ಬಂತು: ಇವತ್ತಿನ ಕಾರ್ಯಾಗಾರ ನಾಳೆ ಭಾನುವಾರಕ್ಕೆ ಮುಂದೂಡಲಾಗಿದೆ, ಗೈರುಹಾಜರಿಗೆ ಸೋಮವಾರ ಲಿಖಿತ ಉತ್ತರ ಕೊಡಿ, ಬೀಗ ಮರೆಯಬೇಡಿ.

ಆಮೇಲೆ ಮಗಳು ಬಾಗಿಲು ತೆರೆದಳು. ಹೋದದ್ದು ಹೋಯಿತು, ಸೈಕಲ್ಲಾದರೂ ಕಲಿಸೋಣ ಎಂದು ಮೇಷ್ಟ್ರು ಮೈದಾನಕ್ಕೆ ನಡೆದರು. ಸೀಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, "ಹೆದರ್ಬೇಡ ಪುಟ್ಟಾ, ನಾನಿದ್ದೀನಿ" ಎನ್ನುವಷ್ಟರಲ್ಲಿ ಸೈಕಲ್ ಕೈಯಿಂದ ಜಾರಿ ಹೊರಟೇಹೋಯಿತು. ಮಗಳು ಮೈದಾನವನ್ನು ಮೂರು ಸುತ್ತು ಹಾಕಿದಳು. ಮಂಡಿ ಹ್ಯಾಂಡಲ್ಲಿಗೆ ತಾಗುತ್ತಿತ್ತು. ಮೂರನೇ ಸುತ್ತಿನಲ್ಲಿ ಎರಡು ಕೈಯನ್ನೂ ಬಿಟ್ಟಳು.

"ಯಾವಾಗ ಕಲಿತೆಯೇ?"

"ಹೋದ ವರ್ಷಾನೇ. ಅಮ್ಮ ಕಲಿಸಿದ್ಲು."

"ಮತ್ತೆ ನನ್ನನ್ಯಾಕೆ ಕೂಡಿಹಾಕಿದ್ದು?"

"ನೋಡೋಕೆ ಜನ ಬೇಡ್ವೇನಪ್ಪಾ?" ಎಂದಳು ಮಗಳು. "ಅಲ್ಲಿ ಕೂತ್ಕೊ. ಮುಗಿಯೋವರೆಗೂ ಏಳ್ಬೇಡ."

ಮೇಷ್ಟ್ರು ಮೈದಾನದ ಅಂಚಿನ ಕಲ್ಲುಬೆಂಚಿನ ಮೇಲೆ ಕೂತರು. ಮಗಳು ನಾಲ್ಕನೇ ಸುತ್ತು ಹೊರಟಳು.