ಭಾನುವಾರ ಹತ್ತು ಗಂಟೆಯ ಚಿಟ್ಟೆ

ಚಿಟ್ಟೆ ಮೇಷ್ಟ್ರು ಬೋರ್ಡಿನ ಮೇಲೆ ‘ಹತ್ತು ಗಂಟೆಗೆ’ ಎಂದು ಬರೆಯಬಾರದಿತ್ತು. ‘ಬೆಳಿಗ್ಗೆ’ ಎಂದಷ್ಟೇ ಬರೆದು ಕೈ ತೊಳೆದುಕೊಂಡಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಆದರೆ ಚಾಕ್‌ಪೀಸು ಕೈಗೆ ಬಂದರೆ ಕೆಲವರಿಗೆ ಎಲ್ಲಿಲ್ಲದ ಧೈರ್ಯ ಬಂದುಬಿಡುತ್ತದೆ. ಕೆರೆಯ ಪಕ್ಕದ ಪ್ರಕೃತಿ ಕಲಿಕಾ ಕೇಂದ್ರದ ಗೇಟಿನಲ್ಲಿ ತೂಗುವ ಹಲಗೆಯ ಮೇಲೆ ಅವರು ದಪ್ಪ ಅಕ್ಷರದಲ್ಲಿ ಬರೆದರು: ‘ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಚಿಟ್ಟೆ ಗೂಡಿನಿಂದ ಹೊರಬರುವುದನ್ನು ಕಣ್ಣಾರೆ ನೋಡಿ. ಸರ್ವರಿಗೂ ಸ್ವಾಗತ.’ ಊರಿನ ಬಸ್ಸೇ ಹೇಳಿದ ಹೊತ್ತಿಗೆ ಬರುವುದಿಲ್ಲ, ಇನ್ನು ಚಿಟ್ಟೆ ಬಂದೀತೇ ಎಂದು ಅವರಿಗೆ ಆಗ ಹೊಳೆಯಲಿಲ್ಲ.

ಹಾಗೆ ಬರೆಯುವುದಕ್ಕೂ ಕಾರಣವಿತ್ತು. ಮೇಷ್ಟ್ರು ಆ ಕೇಂದ್ರದಲ್ಲಿ ಭಾನುವಾರದ ಸಾರ್ವಜನಿಕ ಕಾರ್ಯಕ್ರಮ ನಡೆಸುವವರು. ಹಕ್ಕಿ ನೋಡುವ ನಡಿಗೆ ಮಾಡಿದರು. ಮೂರು ಜನ ಬಂದರು, ಅದರಲ್ಲೊಬ್ಬರು ಕಳೆದುಹೋದ ನಾಯಿಯನ್ನು ಹುಡುಕಿಕೊಂಡು ಬಂದವರು. ಎಲೆ ಗುರುತಿಸುವ ತರಗತಿ ಮಾಡಿದರು. ಮಳೆ ಬಂತೆಂದು ಒಳಗೆ ನಿಂತ ಒಂದು ಕುಟುಂಬ, ಮಳೆ ನಿಂತ ಕೂಡಲೇ ಹೊರಟುಹೋಯಿತು. ಕೇಂದ್ರದ ಕಾರ್ಯದರ್ಶಿಗಳು ಕರೆದು ಹೇಳಿದ್ದರು: “ನೋಡಿ ಮೇಷ್ಟ್ರೇ, ಹಾಲ್ ಸುಮ್ನೆ ಖಾಲಿ ಬಿದ್ದಿರುತ್ತೆ. ಹೊಲಿಗೆ ಕ್ಲಾಸಿನವರು ಕೇಳ್ತಾ ಇದ್ದಾರೆ. ಈ ಭಾನುವಾರ ಜನ ಬಂದು ಖುಷಿಯಾಗಿ ಹೋದ್ರೆ ಸರಿ. ಇಲ್ಲಾಂದ್ರೆ ನಿಮ್ಮ ಕಾರ್ಯಕ್ರಮ ಇಲ್ಲಿಗೆ ಮುಗೀತು ಅಂದ್ಕೊಳ್ಳಿ.”

ಭಾನುವಾರವನ್ನು ಕಿತ್ತುಕೊಂಡರೆ ಮೇಷ್ಟ್ರ ಬಳಿ ಉಳಿಯುವುದು ಕುರ್ಚಿ ಜೋಡಿಸುವ ಕೆಲಸ ಮಾತ್ರ. ಮೇಲಾಗಿ, ಮನೆಯವರಿಗೂ ಹೇಳದ ಒಂದು ಗುಟ್ಟು ಅವರ ಹೊಟ್ಟೆಯಲ್ಲಿತ್ತು. ಇಷ್ಟು ವರ್ಷ ಮಕ್ಕಳಿಗೆ ಚಿಟ್ಟೆ ಗೂಡಿನಿಂದ ಹೇಗೆ ಬರುತ್ತದೆಂದು ಕೈ ಆಡಿಸಿ ಆಡಿಸಿ ವಿವರಿಸಿದ್ದ ಆ ಮನುಷ್ಯ, ಅದು ಬರುವುದನ್ನು ಒಮ್ಮೆಯೂ ನೋಡಿರಲಿಲ್ಲ. ಪ್ರತಿಸಲವೂ ಹಲ್ಲುಜ್ಜಲು ಹೋದಾಗಲೋ ಟೀ ಕುಡಿಯಲು ಹೋದಾಗಲೋ ಅದು ಬಂದು ಕೂತಿರುತ್ತಿತ್ತು. ಮದುವೆಗೆ ಹೋದವನಿಗೆ ಬರೀ ಖಾಲಿ ಚಪ್ಪರ ಕಂಡಂತೆ ಆಗುತ್ತಿತ್ತು ಅವರಿಗೆ.

ಈ ಸಲದ ಹುಳುವನ್ನು ಅವರೇ ಎಲೆ ಹಾಕಿ ಸಾಕಿದ್ದರು. ಅದು ಒಂದು ಕಡ್ಡಿಗೆ ಅಂಟಿಕೊಂಡು ಗೂಡು ಕಟ್ಟಿತು. ಕೇಂದ್ರದಲ್ಲಿ ಹಲ್ಲಿಗಳ ಕಾಟವೆಂದು ಕಡ್ಡಿಯನ್ನು ಮನೆಗೆ ತಂದು, ಊಟದ ಮೇಜಿನ ಮೇಲೆ ಒಂದು ಗಾಜಿನ ಲೋಟದಲ್ಲಿ ನಿಲ್ಲಿಸಿದ್ದರು. ಶನಿವಾರ ಗೂಡಿನ ಸಿಪ್ಪೆ ತೆಳ್ಳಗಾಗಿ ಒಳಗಿನ ರೆಕ್ಕೆಯ ಬಣ್ಣ ಕಾಣತೊಡಗಿದಾಗ ಮೇಷ್ಟ್ರು ಖುಷಿಯಿಂದ ಎರಡು ಸಲ ಊಟ ಮಾಡಿದರು.

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಲೋಟ ತೊಳೆದು ಬೋರಲು ಹಾಕಿತ್ತು. ಕಡ್ಡಿ ಇರಲಿಲ್ಲ.

ನರ್ಸ್ ಆಗಿದ್ದ ಹೆಂಡತಿ ಬೆಳಗಿನ ಡ್ಯೂಟಿಗೆ ಹೋಗಿದ್ದಳು. ಮನೆಯಲ್ಲಿದ್ದವರು ಅತ್ತೆ ಒಬ್ಬರೇ, ಹೆಂಡತಿಯ ತಾಯಿ. ಮಾವ ಹೋದ ವರ್ಷ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದವರು. ಅವರಿಗೆ ಎರಡು ಅಭ್ಯಾಸಗಳಿದ್ದವು. ಒಂದು, ಕಣ್ಣಿಗೆ ಬಿದ್ದುದನ್ನೆಲ್ಲ ಗುಡಿಸುವುದು. ಮೇಷ್ಟ್ರು ಕಾಡಿನಿಂದ ತಂದ ಹಾವಿನ ಪೊರೆ, ಹಕ್ಕಿಯ ಹಳೇ ಗೂಡು, ಅಪರೂಪದ ಬೀಜಗಳು, ಎಲ್ಲವೂ ಅವರ ಪೊರಕೆಯ ಪಾಲಾಗಿದ್ದವು. ಇನ್ನೊಂದು, ಮನೆಯ ವಿಷಯವನ್ನು ಬೀದಿಯ ತುದಿಯವರೆಗೂ ಹಂಚಿ ಬರುವುದು. ಅವರ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುತ್ತಿರಲಿಲ್ಲ.

“ಅತ್ತೇ, ಇಲ್ಲಿದ್ದ ಕಡ್ಡಿ ಎಲ್ಲಿ?”

“ಅದಾ ಅಳಿಯಂದ್ರೇ? ಬೆಳಗಿನ ಜಾವ ನೋಡ್ತೀನಿ, ಲೋಟದ ತುಂಬ ಇರುವೆ ಹತ್ತಿತ್ತು. ಅದಕ್ಕೇ ನಾನು...”

ಮೇಷ್ಟ್ರು ಕಸದ ಬುಟ್ಟಿಯ ಕಡೆ ನೋಡಿದರು. ಬುಟ್ಟಿ ಖಾಲಿ. ಕಸದ ಗಾಡಿಯ ಗಂಟೆ ಆಗಲೇ ಪಕ್ಕದ ಬೀದಿಯಲ್ಲಿ ಕೇಳಿಸುತ್ತಿತ್ತು.

“ಎಸೆದ್ಬಿಟ್ರಾ! ನನ್ನ ಮರ್ಯಾದೆ ಪೂರ್ತಿ ಆ ಕಡ್ಡೀಲಿತ್ತು, ಗೊತ್ತಾ ನಿಮಗೆ?”

“ಅಯ್ಯೋ, ಪೂರ್ತಿ ಕೇಳಿ ಇಲ್ಲಿ...”

“ಏನ್ ಕೇಳೋದು? ಸಾಕು ಸುಮ್ನಿರಿ! ನೀವು ಕೈ ಇಟ್ಟ ಕಡೆ ಒಂದು ಜೀವಾನೂ ಉಳಿಯಲ್ಲ!”

ಮೇಷ್ಟ್ರು ಹೇಳಿದ್ದು ಹುಳುವಿನ ವಿಷಯ. ಆದರೆ ಮಾವನ ಹಾಸಿಗೆಯ ಪಕ್ಕದಲ್ಲಿ ಕೊನೆಯ ತಿಂಗಳೆಲ್ಲ ಕೂತಿದ್ದವರು, ಗಂಜಿ ಕುಡಿಸಿದವರು, ಮೈ ಒರೆಸಿದವರು ಈ ಅತ್ತೆಯೇ. ತೆರೆದಿದ್ದ ಅವರ ಬಾಯಿ ಮೆಲ್ಲನೆ ಮುಚ್ಚಿಕೊಂಡಿತು. ತಮ್ಮ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡರು. ಅಳಿಯನ ಕಾರ್ಯಕ್ರಮ ನೋಡಬೇಕೆಂದು ವಾರದಿಂದ ಹೇಳುತ್ತಿದ್ದರು; ಇಸ್ತ್ರಿ ಮಾಡಿಸಿದ ಬಟ್ಟೆ ರಾತ್ರಿಯೇ ಕುರ್ಚಿಯ ಮೇಲೆ ಸಿದ್ಧವಾಗಿತ್ತು. ಅದು ಯಾವುದೂ ಆ ಗಳಿಗೆಯಲ್ಲಿ ಮೇಷ್ಟ್ರ ಕಣ್ಣಿಗೆ ಬೀಳಲಿಲ್ಲ. ಅವರು ಚಪ್ಪಲಿ ಸಿಕ್ಕಿಸಿಕೊಂಡು ಪಕ್ಕದ ಮನೆಗೆ ಓಡಿದರು.

ಪಕ್ಕದ ಮನೆಯಲ್ಲಿ ನಿವೃತ್ತ ಇಂಜಿನಿಯರೊಬ್ಬರಿದ್ದರು. ಅವರ ಇಡೀ ನಿವೃತ್ತಿ ಒಂದು ನಿಂಬೆಗಿಡದ ಸುತ್ತ ನಡೆದಿತ್ತು. ಎಲೆ ತಿನ್ನುವ ಹುಳುಗಳ ಮೇಲೆ ಅವರಿಗೆ ಹಳೇ ದಾಯಾದಿಗಳ ಮೇಲಿರುವಂಥ ಹಗೆ.

“ಇಂಜಿನಿಯರ್ ಸಾರ್, ನಿಮ್ಮ ಗಿಡದಲ್ಲಿ ಚಿಟ್ಟೆ ಗೂಡೇನಾದ್ರೂ ಉಳಿದಿದ್ಯಾ?”

“ಉಳಿಯೋದಕ್ಕೆ ನಾನು ಬಿಟ್ರೆ ತಾನೇ? ಒಂದಿತ್ತು ನೋಡಿ, ಕೊಂಬೆ ಸಮೇತ ಕತ್ತರಿಸ್ಬೇಕು ಅಂತಿದ್ದೆ. ಯಾಕೆ, ನಿಮ್ಮನೇದು ಏನಾಯ್ತು?”

“ಅತ್ತೆ ಎಸೆದ್ಬಿಟ್ರು ಸಾರ್. ಯಾರಿಗೂ ಹೇಳ್ಬೇಡಿ.”

“ಛೆ ಛೆ, ನಾನ್ಯಾಕೆ ಹೇಳ್ಲಿ? ತಗೊಂಡು ಹೋಗಿ. ಹಾಗೇ ನಾನೂ ಬಂದು ನೋಡ್ತೀನಿ, ನಮ್ಮ ಗಿಡದ್ದಲ್ವಾ?”

ಗೂಡು ಕಂದು ಬಣ್ಣಕ್ಕೆ ತಿರುಗಿತ್ತು. ಬಲಿತ ಗೂಡಿನಲ್ಲಿ ರೆಕ್ಕೆಯ ಬಣ್ಣ ಕಾಣಬೇಕು; ಇದರಲ್ಲಿ ಕಾಣಲಿಲ್ಲ. ಮೇಷ್ಟ್ರಿಗೆ ಒಂದು ಅನುಮಾನ ಬಂದಿದ್ದು ನಿಜ. ಆದರೆ ಗಡಿಯಾರ ಎದುರಿಗಿತ್ತು. ಬೆಳಕು ಸರಿಯಿಲ್ಲ, ಅದಕ್ಕೇ ಕಾಣುತ್ತಿಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಕೇಂದ್ರದ ಗೇಟಿಗೆ ಬಂದಾಗ ಇನ್ನೊಂದು ಭಯ ಹತ್ತಿತು. ಅತ್ತೆ ಸಿಟ್ಟು ಇಳಿದು ಕಾರ್ಯಕ್ರಮಕ್ಕೆ ಬಂದುಬಿಟ್ಟರೆ? ಅಸಲಿ ಗೂಡು ಕಸದ ಗಾಡಿಯಲ್ಲಿ ಹೋಯಿತು, ಇದು ಬೇರೆ ಎಲ್ಲಿಂದಲೋ ಬೇಡಿ ತಂದದ್ದು ಎಂದು ಎಲ್ಲರ ಮುಂದೆ ಹೇಳಿಬಿಟ್ಟರೆ? ಮೇಷ್ಟ್ರು ವಾಚ್‌ಮನ್‌ನನ್ನು ಪಕ್ಕಕ್ಕೆ ಕರೆದರು.

“ನಮ್ಮತ್ತೆ ಬಂದ್ರೆ ಒಳಗೆ ಬಿಡ್ಬೇಡ.”

“ಅಯ್ಯೋ, ಮನೆಯವರನ್ನ ಹೇಗೆ ಸಾರ್ ತಡೀಲಿ?”

“ಹಾಲ್ ತುಂಬಿದೆ ಅನ್ನು. ಏನಾದ್ರೂ ಅನ್ನು. ನಾನೇ ಹೇಳಿದೀನಿ ಅಂದ್ರೂ ಪರವಾಗಿಲ್ಲ.”

ಹಾಲ್ ನಿಜಕ್ಕೂ ತುಂಬಿತ್ತು. ಬೋರ್ಡಿನ ಸುದ್ದಿ ಹೇಗೋ ಹಬ್ಬಿ, ಕುರ್ಚಿ ಸಾಲದೆ ಮಕ್ಕಳು ನೆಲದ ಮೇಲೆ ಕೂತಿದ್ದರು. ಕಾರ್ಯದರ್ಶಿಗಳು ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡಿದ್ದರು. ಗೂಡಿನ ಎದುರು ಒಂದು ಕ್ಯಾಮೆರಾ ಇಟ್ಟು, ಗೋಡೆಯ ಪರದೆಯ ಮೇಲೆ ಅದನ್ನು ಆಳೆತ್ತರ ಕಾಣುವಂತೆ ಮಾಡಲಾಗಿತ್ತು. ಆ ಗಾತ್ರದಲ್ಲಿ ಅದು ಮಡಿಸಿಟ್ಟ ಗೋಣಿಚೀಲದ ಹಾಗೆ ಕಾಣುತ್ತಿತ್ತು.

ಹತ್ತು ಹೊಡೆಯಿತು. ಏನೂ ಆಗಲಿಲ್ಲ. ಮೇಷ್ಟ್ರು ಚಿಟ್ಟೆಯ ಬದುಕಿನ ಬಗ್ಗೆ ಮಾತಾಡಿದರು. ಮಾತು ಮುಗಿದಾಗ ಅದನ್ನೇ ಮತ್ತೆ ಹಿಂದಿನಿಂದ ಮುಂದಕ್ಕೆ ಹೇಳಿದರು. ಜನ ಆಕಳಿಸಿದರು. ಕಾರ್ಯದರ್ಶಿಗಳು ಗಡಿಯಾರವನ್ನೂ ಮೇಷ್ಟ್ರನ್ನೂ ಒಂದೇ ನೋಟದಲ್ಲಿ ನೋಡಿದರು.

“ಅಲ್ಲಾಡ್ತು! ಅಲ್ಲಾಡ್ತು!” ಎಂದು ಒಂದು ಮಗು ಕೂಗಿತು.

ನಿಜ, ಗೂಡಿನ ಬದಿಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿತ್ತು. ಮೇಷ್ಟ್ರ ಕಣ್ಣು ಒದ್ದೆಯಾಯಿತು. ಕೊನೆಗೂ ನೋಡಲಿದ್ದೇನೆ ಎಂದುಕೊಂಡರು. ತೂತಿನಿಂದ ಕಪ್ಪಗಿನ ಒಂದು ತಲೆ ಹೊರಬಂತು. ಅದರ ಹಿಂದೆ ಇನ್ನೊಂದು ತಲೆ, ಅದರ ಹಿಂದೆ ಮತ್ತೊಂದು. ಸಾಸಿವೆಗಿಂತ ಚಿಕ್ಕ ಕಣಜಗಳು ಸಾಲುಗಟ್ಟಿ ಹೊರಬೀಳತೊಡಗಿದವು. ಪರದೆಯ ಮೇಲೆ ಒಂದೊಂದೂ ಹೆಗ್ಗಣದ ಗಾತ್ರ.

ಮೊದಲ ಸಾಲು ಎದ್ದು ಎರಡನೇ ಸಾಲಿನ ತೊಡೆಯ ಮೇಲೆ ಕೂತಿತು. ಯಾರದೋ ಕನ್ನಡಕ ಬಿತ್ತು. ಕಾರ್ಯದರ್ಶಿಗಳು ಕರವಸ್ತ್ರದಿಂದ ಮೂಗು ಬಾಯಿ ಎರಡೂ ಮುಚ್ಚಿಕೊಂಡು, “ಇದೇನ್ರೀ ಇದು?” ಎಂದರು.

“ಇವು... ಕಣಜಗಳು ಸಾರ್. ಗೂಡಿನೊಳಗೇ ಬೆಳೆದು ಚಿಟ್ಟೇನ ತಿಂದು...” ಎಂದರು ಮೇಷ್ಟ್ರು. ಮುಂದೆ ಕೂತಿದ್ದ ಮಗು ಹೋ ಎಂದು ಅತ್ತಿತು. ಅದನ್ನು ನೋಡಿ ಉಳಿದವೂ ಅತ್ತವು.

ಆಗ ಇಂಜಿನಿಯರು ಎದ್ದು ನಿಂತರು. ಅವರ ಮುಖ ಅರಳಿತ್ತು.

“ಅಂದ್ರೆ ನನ್ನ ಗಿಡದ ಹುಳಾನ ಇವೇ ತಿಂದು ಮುಗಿಸ್ತಾವಾ? ಶಭಾಷ್! ಸ್ವಾಮಿ, ಈ ಗೂಡು ನಮ್ಮ ನಿಂಬೆಗಿಡದ್ದು. ಇವರ ಮನೇದನ್ನ ಇವರತ್ತೆ ಎಸೆದ್ಬಿಟ್ರಂತೆ, ಬೆಳಿಗ್ಗೆ ನನ್ನ ಹತ್ರ ಬಂದು ಇಸ್ಕೊಂಡು ಹೋದ್ರು. ಯಾರಿಗೂ ಹೇಳ್ಬೇಡಿ ಅಂದಿದ್ರು, ಇರ್ಲಿ. ಔಷಧಿ ಹೊಡೆದು ಹೊಡೆದು ನನ್ನ ಭುಜ ಬಿದ್ದುಹೋಗಿತ್ತು. ಇಂಥಾ ಕಣಜ ಇದ್ರೆ ಔಷಧೀನೇ ಬೇಡ ನೋಡಿ!”

ಮನೆಯ ಮುಂದೆ ಗಿಡ ಬೆಳೆಸಿದವರೆಲ್ಲ ಕತ್ತು ಚಾಚಿದರು. ಗುಲಾಬಿಗೂ ಆಗುತ್ತಾ, ಬದನೆಗೆ ಏನು ಮಾಡಬೇಕು ಎಂದು ಪ್ರಶ್ನೆಗಳು ಬಂದವು. ಇಂಜಿನಿಯರು ತಿಳಿದದ್ದನ್ನೂ ತಿಳಿಯದ್ದನ್ನೂ ಧಾರಾಳವಾಗಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿಗಳು ಕರವಸ್ತ್ರವನ್ನು ಜೇಬಿಗಿಟ್ಟರು.

“ಮೇಷ್ಟ್ರೇ, ಮುಂದಿನ ಭಾನುವಾರದಿಂದ ಇವರದ್ದೇ ಕಾರ್ಯಕ್ರಮ ಇಟ್ಕೊಳ್ಳೋಣ. ‘ಮನೆಗಿಡಕ್ಕೆ ಹುಳುವಿನ ಕಾಟವೇ?’ ಅಂತ ಬೋರ್ಡ್ ಬರೀರಿ. ಕುರ್ಚಿ ಜಾಸ್ತಿ ಹಾಕಿಸಿ.”

ಯಾರ ಬಾಯಿಗೆ ಹೆದರಿ ಗೇಟು ಕಾಯಿಸಿದ್ದರೋ ಆ ಬಾಯಿ ಬರಲೇ ಇಲ್ಲ. ಮಾತು ಮಾತ್ರ ಬೇರೆ ಬಾಯಿಂದ ಬಂದಿತ್ತು. ಮೇಷ್ಟ್ರು ಮುಖ ಹುಳ್ಳಗೆ ಮಾಡಿಕೊಂಡು ಹೊರಗೆ ಬಂದರು. ಗೇಟಿನ ಬಳಿ ವಾಚ್‌ಮನ್ ಹಬ್ಬಿದ ಹೂಬಳ್ಳಿಯನ್ನೇ ನೋಡುತ್ತ ನಿಂತಿದ್ದ. ಇವರನ್ನು ಕಂಡು ಓಡಿ ಬಂದ.

“ಸಾರ್, ಎಂಥಾ ಚಾನ್ಸ್ ತಪ್ಪಿಸ್ಕೊಂಡ್ರಿ ಸಾರ್! ಅಮ್ಮ ಬಂದಿದ್ರು.”

“ಯಾವ ಅಮ್ಮ?”

“ನಿಮ್ಮತ್ತೆ ಸಾರ್. ಹತ್ತಕ್ಕೆ ಸ್ವಲ್ಪ ಮುಂಚೆ. ಒಂದು ಡಬ್ಬಿ ಎದೆಗವಚಿಕೊಂಡು ನಡ್ಕೊಂಡೇ ಬಂದ್ರು. ಬಸ್ಸಲ್ಲಿ ಕುಲುಕುತ್ತೆ ಅಂತ ಹತ್ತಲಿಲ್ಲವಂತೆ. ನೀವು ಬಿಡ್ಬೇಡ ಅಂದಿದ್ರಲ್ಲ, ಹಾಲ್ ತುಂಬಿದೆ ಅಮ್ಮ ಅಂದೆ. ಒಂದು ನಿಮಿಷ, ಇದನ್ನ ಕೊಟ್ಟು ಬಂದ್ಬಿಡ್ತೀನಿ ಅಂದ್ರು. ಆಮೇಲೆ ನಾನು... ಮೇಷ್ಟ್ರೇ ಹೇಳಿದಾರೆ ಅಂದ್ಬಿಟ್ಟೆ ಸಾರ್.”

“ಏನಂದ್ರು?”

“ಏನೂ ಅನ್ಲಿಲ್ಲ. ಹಾಗೇ ಬೆಂಚಿನ ಮೇಲೆ ಕೂತ್ರು. ಡಬ್ಬಿ ತೆಗೆದು ನೋಡ್ತಾರೆ, ಗೂಡು ಬಿರೀತಾ ಇದೆ! ಆ ಹೊತ್ತಿಗೆ ಒಳಗೆ ಹತ್ತು ಹೊಡೀತು ಸಾರ್, ನಿಮ್ಮ ಬೋರ್ಡಲ್ಲಿ ಬರೆದ ಹಾಗೇ! ಒದ್ದೆ ಒದ್ದೆ ಚಿಟ್ಟೆ, ಸೊಟ್ಟ ರೆಕ್ಕೆ. ಬಿಸಿಲು ಬೀಳ್ಬಾರ್ದು ಅಂತ ಅಮ್ಮ ಕೈ ಅಡ್ಡ ಹಿಡಿದು ಕೂತೇ ಇದ್ರು. ರೆಕ್ಕೆ ಒಣಗೋವರೆಗೂ ಕೈ ಇಳಿಸ್ಲಿಲ್ಲ. ಆಮೇಲೆ ಹಾರಿ ಈ ಬಳ್ಳಿ ಮೇಲೆ ಕೂತು, ಅಲ್ಲಿಂದ ಹೋಯ್ತು.”

ಬೆಂಚಿನ ಮೇಲೆ ಡಬ್ಬಿ ಇತ್ತು. ಗಾಳಿಯಾಡಲೆಂದು ಅದರ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಿತ್ತು. ಇರುವೆ ಬಾರದಂತೆ ಸುತ್ತ ಒದ್ದೆ ಬಟ್ಟೆ ಕಟ್ಟಿತ್ತು. ಒಳಗೆ ಹತ್ತಿಯ ಮೇಲೆ ಅದೇ ಕಡ್ಡಿ, ಕಡ್ಡಿಯಲ್ಲಿ ಖಾಲಿ ಸಿಪ್ಪೆ.

“ಹೋಗ್ತಾ ಒಂದು ಮಾತು ಹೇಳಿ ಹೋದ್ರು ಸಾರ್. ‘ಒಂದು ಜೀವ ಉಳೀತು ಅಂತ ಅಳಿಯಂದ್ರಿಗೆ ಹೇಳಪ್ಪಾ’ ಅಂದ್ರು. ಏನು ಸಾರ್ ಹಾಗಂದ್ರೆ?”

ಬೆಳಿಗ್ಗೆ ತಾವು ಆಡಿದ ಮಾತು ಎಲ್ಲಿಗೆ ಹೋಗಿ ತಗುಲಿತ್ತೆಂದು ಮೇಷ್ಟ್ರಿಗೆ ಆಗ ಅರ್ಥವಾಯಿತು. ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತನ್ನು ಮತ್ತೆ ಮತ್ತೆ ಜೋಡಿಸಿಕೊಂಡು ಮನೆಗೆ ಬಂದರೆ, ಅತ್ತೆ ಇಸ್ತ್ರಿ ಬಟ್ಟೆಯನ್ನು ಬದಲಿಸಿ ಅಂಗಳ ಗುಡಿಸುತ್ತಿದ್ದರು. ಜೋಡಿಸಿದ್ದೆಲ್ಲ ಮರೆತುಹೋಯಿತು.

“ಅತ್ತೆ, ನಾನು ಹಾಗನ್ನಬಾರ್ದಿತ್ತು. ತಪ್ಪಾಯ್ತು.”

“ಇರ್ಲಿ ಬಿಡಿ,” ಎಂದರು ಅತ್ತೆ, ಪೊರಕೆ ನಿಲ್ಲಿಸದೆ. “ಹೇಗಾಯ್ತು ಕಾರ್ಯಕ್ರಮ?”

ಬೆಳಗಿನಿಂದ ಬೀದಿಯಲ್ಲಿ ಯಾರಿಗೂ ಅವರು ಏನನ್ನೂ ಹೇಳಿರಲಿಲ್ಲ. ಈ ಮನೆಗೆ ಬಂದ ಮೇಲೆ ಅವರ ಹೊಟ್ಟೆಯಲ್ಲಿ ಒಂದು ಮಾತು ನಿಂತದ್ದು ಇವತ್ತೇ ಮೊದಲು. ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದು ಕೂತರು.

“ಅದು ಹೊರಗೆ ಬಂದಾಗ ಹೇಗಿತ್ತು ಅತ್ತೆ?”

“ನಿಮಗೆ ಗೊತ್ತಿಲ್ದೇ ಇರೋದಾ? ನೂರಾರು ನೋಡಿರೋರು ನೀವು. ನಿಮಗೇನು ಹೊಸದಾ ಅದು?”

“ಇಲ್ಲ ಅತ್ತೆ. ನಾನು ಒಂದ್ಸಲಾನೂ ನೋಡಿಲ್ಲ.”

ಪೊರಕೆ ನಿಂತಿತು. ಅತ್ತೆ ಅವರನ್ನೇ ನೋಡಿದರು. ಸಿಟ್ಟಿಗೆ ಹಕ್ಕಿದ್ದ ಆ ಮುಖದಲ್ಲಿ ಬರೀ ಮರುಕವಿತ್ತು; ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರಾಗುತ್ತಿತ್ತು.

“ಅಯ್ಯೋ, ಅದನ್ನ ಮೊದಲೇ ಹೇಳ್ಬಾರ್ದಿತ್ತಾ?” ಎಂದರು ಅತ್ತೆ. “ಗೇಟಿನಿಂದಲೇ ಕೂಗಿ ಕರೀತಿದ್ದೆ. ನನ್ನ ಬಾಯಿ ನಿಮಗಿಷ್ಟ ಇಲ್ವಲ್ಲ ಅಂತ ಸುಮ್ನಿದ್ದೆ.”